ಫ್ರಿಜ್ಜಿನಲ್ಲಿಟ್ಟ ಹೊಳೆಗಳು

ಎಲ್ಲ ತಾಪತ್ರಯಕ್ಕೂ ಮೂಲ ಶಾಮಸುಂದರನ ಕಿವಿ. ಹೋದ ಸೆಪ್ಟೆಂಬರಿನ ಒಂದು ಭಾನುವಾರ ಚರ್ಚಿನಲ್ಲಿ ಅದು ತುರಿಸಿತು. ಅವನು ಕೈ ಎತ್ತಿದ. ಅದೇ ಗಳಿಗೆಗೆ ಸರಿಯಾಗಿ ಸ್ಟೀಫನ್, “ಈ ವರ್ಷದ ಬಾಟಲಿ ಯಾರು ಇಟ್ಟುಕೊಳ್ತೀರಿ?” ಎಂದು ಕೇಳಿದ್ದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಸಣ್ಣ ಚರ್ಚಿನಲ್ಲಿ ಕೈ ಎತ್ತುವ ಮುಂಚೆ ಹತ್ತು ಸಲ ಯೋಚಿಸಬೇಕು. ಅಲ್ಲಿ ನಿಮ್ಮ ಹಿಂದೆ ಇನ್ನೊಬ್ಬರ ಕೈ ಇರುವುದಿಲ್ಲ.

ಅದು ಯುನಿಟೇರಿಯನ್ ಚರ್ಚು. ದೇವರು ಒಬ್ಬನೇ ಎನ್ನುವವರೂ ಅಲ್ಲಿದ್ದಾರೆ, ಒಬ್ಬನಾದರೂ ಇದ್ದಾನೆಯೇ ಎಂದು ಕೇಳುವವರೂ ಇದ್ದಾರೆ. ಇಬ್ಬರೂ ಅಕ್ಕಪಕ್ಕದ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಕೂತು ಒಂದೇ ಹಾಡು ಹಾಡುತ್ತಾರೆ. ಸ್ವಂತ ಕಟ್ಟಡವಿಲ್ಲ. ದುಬೈಯ ಅಲ್ ಕೂಜ್‌ನ ಗೋದಾಮುಗಳ ನಡುವೆ, ಮಕ್ಕಳಿಗೆ ಡ್ಯಾನ್ಸ್ ಕಲಿಸುವ ಒಂದು ಹಾಲನ್ನು ಭಾನುವಾರದ ಮಟ್ಟಿಗೆ ಬಾಡಿಗೆಗೆ ಹಿಡಿದಿದ್ದಾರೆ. ಗೋಡೆ ತುಂಬ ಕನ್ನಡಿಗಳಿರುವುದರಿಂದ ಇಪ್ಪತ್ತು ಜನ ನಲವತ್ತಾಗಿ ಕಾಣುತ್ತಾರೆ. ಚರ್ಚು ನಡೆಸುವ ಸ್ಟೀಫನ್‌ಗೆ ಅದೇ ಒಂದು ಸಮಾಧಾನ.

ಅಲ್ಲಿ ಋತುವಿಗೊಂದು ಆರಾಧನೆ. ದುಬೈಯಲ್ಲಿ ಇರುವುದೇ ಎರಡು ಋತು, ಎಸಿ ಸಾಕಾಗುವುದು ಮತ್ತು ಎಸಿ ಸಾಲದಿರುವುದು. ಆದರೂ ವಸಂತದಲ್ಲಿ ಸೂಪರ್‌ಮಾರ್ಕೆಟ್ಟಿನ ಹೂ ತಂದು ಹಂಚಿಕೊಳ್ಳುತ್ತಾರೆ, ಡಿಸೆಂಬರಿನಲ್ಲಿ ದೀಪ ಹಚ್ಚುತ್ತಾರೆ, ರಜೆ ಮುಗಿದು ಎಲ್ಲರೂ ಮರಳುವ ಸೆಪ್ಟೆಂಬರಿನಲ್ಲಿ ನೀರಿನ ಆರಾಧನೆ ಮಾಡುತ್ತಾರೆ. ಅವರವರು ಹೋಗಿಬಂದ ಊರಿನ ನೀರನ್ನು ಒಂದು ಸಣ್ಣ ಶೀಶೆಯಲ್ಲಿ ತಂದು, ಯಾವುದಾದರೂ ಒಂದಕ್ಕೆ ಕೃತಜ್ಞತೆ ಹೇಳಿ, ಗಾಜಿನ ದೊಡ್ಡ ಬೋಗುಣಿಗೆ ಸುರಿಯಬೇಕು. ಕೊನೆಗೆ ಆ ಮಿಶ್ರಣವನ್ನು ಒಬ್ಬರು ಮನೆಗೊಯ್ದು, ಕುದಿಸಿ ಸೋಸಿ, ಒಂದು ಬಾಟಲಿ ತುಂಬಿಟ್ಟು, ಮುಂದಿನ ವರ್ಷದ ನೀರಿಗೆ ಸೇರಿಸಬೇಕು. ಹೀಗಾಗಿ ಯಾವ ವರ್ಷದ ಹೊಳೆಯೂ ಪೂರ್ತಿ ಬತ್ತುವುದಿಲ್ಲ.

ಆ ಬಾಟಲಿ ಒಂದು ವರ್ಷ ಶಾಮಸುಂದರನ ಫ್ರಿಜ್ಜಿನ ಬಾಗಿಲಲ್ಲಿ, ಅವನ ಹೆಂಡತಿ ಕೋಕಿಲಾ ಮಜ್ಜಿಗೆ ಇಡುತ್ತಿದ್ದ ಜಾಗದಲ್ಲೇ ಠಿಕಾಣಿ ಹೂಡಿತು. ವಿಸಿಟ್ ವೀಸಾದಲ್ಲಿ ಬಂದ ಅತ್ತೆ ಇದೇನೆಂದು ಕೇಳಿದಾಗ ಅವನು, “ಹತ್ತಾರು ಹೊಳೆ ನೀರು ಅತ್ತೆ” ಎಂದುಬಿಟ್ಟ. ಆಕೆ ಅದಕ್ಕೆ ಕುಂಕುಮ ಹಚ್ಚಿ ಕೈಮುಗಿದರು. ಆಮೇಲೆ ಪಕ್ಕದಲ್ಲಿ ಮೊಟ್ಟೆ ಇಡಲು ಬಿಡಲಿಲ್ಲ.

ಈ ವರ್ಷದ ನೀರಿನ ಭಾನುವಾರ ಬಂದಾಗ, ಕ್ಲಿನಿಕ್ಕಿನ ಡ್ಯೂಟಿಗೆ ಹೊರಟ ಕೋಕಿಲಾ ಬಾಗಿಲಲ್ಲಿ ನಿಂತು ಹೇಳಿದಳು: “ರೀ, ಇವತ್ತು ಅದನ್ನ ಯಾರ ತಲೆಗಾದ್ರೂ ಕಟ್ಟಿ ಬನ್ನಿ. ವಾಪಸ್ ತಂದ್ರೆ ಅದು ಒಳಗಿರುತ್ತೆ, ನೀವು ಹೊರಗಿರ್ತೀರ.”

“ಖಂಡಿತ” ಎಂದ ಶಾಮಸುಂದರ, ಕಣ್ಣು ಬಿಡದೆ.

ಮತ್ತೆ ಒರಗಿ ಅರ್ಧ ಗಂಟೆಯಾಗಿರಲಿಲ್ಲ, ಬೆಲ್ಲು ಹೊಡೆದುಕೊಂಡಿತು. ಪಕ್ಕದ ಫ್ಲ್ಯಾಟಿನ ಮೈಮೂನ. ಸುರತ್ಕಲ್ ಕಡೆಯ ಗಟ್ಟಿಗಿತ್ತಿ, ಇಡೀ ಕಾರಿಡಾರಿನ ಯೋಗಕ್ಷೇಮ ತನ್ನದೇ ಎಂದುಕೊಂಡ ಹೆಂಗಸು.

“ಶಾಮಣ್ಣ, ಬಿಲ್ಡಿಂಗಿನ ಪಂಪು ಖಲಾಸ್! ನಳ್ಳಿಯಲ್ಲಿ ಒಂದು ತೊಟ್ಟು ನೀರಿಲ್ಲ ಮಾರಾಯ್ರೆ. ನಿಮ್ಮಲ್ಲಿ ಕುಡಿಯುವ ನೀರು ಉಂಟಾ?”

ದಾನ ಮಾಡುವ ಅವಕಾಶ ಬೆಳಿಗ್ಗೆಯೇ ಮನೆಬಾಗಿಲಿಗೆ ಬಂದದ್ದು ಶಾಮಸುಂದರನಿಗೆ ಖುಷಿಯೇ ಆಯಿತು. ನಿದ್ದೆಗಣ್ಣಲ್ಲಿ ಫ್ರಿಜ್ಜಿನ ಬಾಗಿಲು ತೆರೆದು, ಕೈಗೆ ಸಿಕ್ಕ ಬಾಟಲಿಗಳನ್ನೆಲ್ಲ ಬಾಚಿ ಕೊಟ್ಟ. “ಇಟ್ಕೊಳ್ಳಿ, ಇಟ್ಕೊಳ್ಳಿ” ಎಂದು ಒತ್ತಾಯವನ್ನೂ ಮಾಡಿದ. ಆಮೇಲೆ ಕೂಲರಿನ ಕ್ಯಾನಿನಲ್ಲಿ ಉಳಿದಿದ್ದ ನೀರಲ್ಲೇ ಕಾಗೆಸ್ನಾನ ಮುಗಿಸಿ, ಇಸ್ತ್ರಿ ಮಾಡಿದ ಶರ್ಟು ತೊಟ್ಟು, ಬಾಟಲಿ ತೆಗೆದುಕೊಳ್ಳಲು ಫ್ರಿಜ್ಜಿನ ಮುಂದೆ ನಿಂತ.

ಬಾಗಿಲಲ್ಲಿ ಒಂದು ಟೊಮೆಟೊ ಸಾಸು ಮಾತ್ರ ಇತ್ತು.

ಬರೀ ನೀರಾಗಿದ್ದರೆ ಅವನು ಅಷ್ಟು ಹೆದರುತ್ತಿರಲಿಲ್ಲ. ಸ್ಟೀಫನ್ನರ ಹೆಂಡತಿ ಐರಿನ್ ತೀರಿಹೋಗುವ ಹಿಂದಿನ ವರ್ಷ, ಶಿರ್ವದ ತವರುಮನೆಯ ಬಾವಿಯಿಂದ ಒಂದು ಶೀಶೆ ನೀರು ತಂದು ಸುರಿದಿದ್ದರು. ಆಮೇಲೆ ಆ ಮನೆ ಮಾರಿ, ಬಾವಿಗೆ ಕಾಂಕ್ರೀಟು ಹಾಕಿ ಮುಚ್ಚಿದರು. ಐರಿನ್ ತಂದ ನೀರು ಎಂದು ಈ ಲೋಕದಲ್ಲಿ ಉಳಿದದ್ದು ಆ ಬಾಟಲಿಯೊಳಗಿನ ಪಾಲಷ್ಟೇ. ಅದನ್ನು ಬೋಗುಣಿಗೆ ಸುರಿಯುವಾಗ ಪ್ರತಿ ವರ್ಷ ಸ್ಟೀಫನ್ ಕನ್ನಡಕ ತೆಗೆದು ಒರೆಸಿಕೊಳ್ಳುತ್ತಿದ್ದರು. ಶಾಮಸುಂದರನ ಕಂಪನಿ ಮುಚ್ಚಿ ಅವನು ವೀಸಾ ಮುಗಿಯುವ ಭಯದಲ್ಲಿ ಒದ್ದಾಡುತ್ತಿದ್ದಾಗ, ಗುರುತೇ ಇಲ್ಲದ ಅವನನ್ನು ಮನೆಗೆ ಕರೆದು ಉಣ್ಣಿಸಿ, ನಾಲ್ಕು ಕಡೆ ಓಡಾಡಿ ಕೆಲಸ ಕೊಡಿಸಿದವರು ಈ ಗಂಡಹೆಂಡಿರೇ. ಆ ಚರ್ಚಿನ ದೇವರ ವಿಷಯ ಅವನಿಗೆ ಇಂದಿಗೂ ಪೂರ್ತಿ ಅರ್ಥವಾಗಿಲ್ಲ. ಐರಿನ್ ಬಡಿಸಿದ ಮೀನುಸಾರು ಅರ್ಥವಾಗಿತ್ತು.

ಅವನು ಮೈಮೂನಳ ಮನೆಗೆ ಓಡಿದ. ಆಕೆ ಅಡುಗೆಮನೆಯಲ್ಲಿ ನಿಂಬೆಹಣ್ಣು ಹಿಂಡುತ್ತಿದ್ದಳು.

“ಮೈಮೂನಕ್ಕ, ಕುಂಕುಮ ಹಚ್ಚಿದ್ದ ಬಾಟ್ಲಿ ಎಲ್ಲಿ?”

“ಕುಂಕುಮವಾ? ಗಡಿಬಿಡಿಯಲ್ಲಿ ಯಾರು ನೋಡಿದ್ದು ಶಾಮಣ್ಣ! ಒಂದು ಬಾಟ್ಲಿ ಮೇಲಿನ ಹಸನಬ್ಬಾಕನಿಗೆ ಕೊಟ್ಟಿದ್ದೇನೆ. ಅದೇ ಇರ್ಬೇಕು. ಓ, ನಿಲ್ಲಿ ನಿಲ್ಲಿ!” ಎಂದು ಆಕೆ ಒಂದು ದೊಡ್ಡ ಫ್ಲಾಸ್ಕನ್ನು ಅವನ ಕೈಗೆ ತುರುಕಿದಳು. “ನಿಮ್ಮ ಚರ್ಚಿನವರಿಗೆ ಸುಲೈಮಾನಿ ಮಾಡಿದ್ದೇನೆ, ಏಲಕ್ಕಿ ಎಲ್ಲ ಹಾಕಿ. ನೀವು ಕಷ್ಟಕ್ಕೆ ಆದವರು. ಬೇಡ ಅಂದ್ರೆ ನನಗೆ ಬೇಜಾರಾಗ್ತದೆ.”

ಹಾಲಿಲ್ಲದ ಆ ಚಹಾದ ಫ್ಲಾಸ್ಕನ್ನು ಕಂಕುಳಲ್ಲಿ ಇರುಕಿಕೊಂಡು ಶಾಮಸುಂದರ ಮೆಟ್ಟಿಲು ಹತ್ತಿದ.

ಹಸನಬ್ಬಾಕ ನೈಫ್ ಪೇಟೆಯಲ್ಲಿ ಬಹಳ ಕಾಲ ಬಟ್ಟೆ ಅಂಗಡಿ ನಡೆಸಿ, ಈಗ ಅಂಗಡಿ ಮಗನಿಗೆ ಬಿಟ್ಟುಕೊಟ್ಟು, ಊರವರಿಗೆಲ್ಲ ಉಪದೇಶ ಮಾಡುತ್ತಿದ್ದ ಹಿರಿಯರು.

“ಬಾಟ್ಲಿ ಬಂದದ್ದು ಹೌದು. ಅರ್ಧದಲ್ಲಿ ಕೈಕಾಲು ಮುಖ ತೊಳೆದು ನಮಾಜು ಮಾಡಿದೆ. ಉಳಿದದ್ದು ಕರಿಬೇವಿಗೆ ಹಾಕಿದೆ. ಪಾಪ, ಬಾಡಿತ್ತು ಮಾರಾಯ.”

“ಬಾಟ್ಲಿ ಮೇಲೆ ಕುಂಕುಮ ಇತ್ತಾ ಹಸನಬ್ಬಾಕ?”

“ಕನ್ನಡಕ ಹಾಕದೆ ನನಗೆ ನೀನೇ ಕಾಣುವುದಿಲ್ಲ, ಕುಂಕುಮ ಎಲ್ಲಿಂದ? ಬಾಟ್ಲಿ ಕಸಕ್ಕೆ ಹೋಯ್ತು.”

ಶಾಮಸುಂದರ ಬಾಲ್ಕನಿಯಲ್ಲಿ ಕರಿಬೇವಿನ ಕುಂಡದ ಮುಂದೆ ಮಂಡಿಯೂರಿದ. ಕೆಳಗಿನ ತಟ್ಟೆಯಲ್ಲಿ ಒಂದಿಷ್ಟು ಕೆಸರುನೀರು ಬಸಿದು ನಿಂತಿತ್ತು. ಅದನ್ನೇ ಚಮಚೆಯಲ್ಲಿ ಗೋರಿ ಒಂದು ಶೀಶೆಗೆ ತುಂಬತೊಡಗಿದ. ವಿಷಯ ಕೇಳಿ ಹಸನಬ್ಬಾಕನ ಮುಖ ಸಣ್ಣಗಾಯಿತು. ಆದರೂ ಉಪದೇಶ ಬಿಡಲಿಲ್ಲ.

“ಸುಮ್ಮನೆ ಬೇರೆ ನೀರು ತುಂಬಿಸಿಕೊಂಡು ಹೋಗು. ನೀರಿಗೆ ಹೆಸರು ಬರೆದಿರ್ತದಾ?”

“ಅವರ ಕಣ್ಣೆದುರಿಗೆ ನಿಂತು ಹೇಗೆ ಸುಳ್ಳು ಸುರೀಲಿ ಹಸನಬ್ಬಾಕ?”

ಮುದುಕರು ಕನ್ನಡಕ ಹುಡುಕಿ ಹಾಕಿಕೊಂಡು, ಕಾರಿನ ಕೀ ಎತ್ತಿಕೊಂಡರು. “ಯಲ್ಲಾ, ನಡಿ. ನಾನೇ ಬಿಡ್ತೇನೆ. ತಪ್ಪಿನಲ್ಲಿ ನನಗೂ ಪಾಲುಂಟು.”

ಹಸನಬ್ಬಾಕನ ಕಾರಿನಲ್ಲಿ ಮನೆಯಿದ್ದ ಕುಸೈಸ್‌ನಿಂದ ಅಲ್ ಕೂಜ್‌ಗೆ ಹೋಗುವುದೆಂದರೆ ಎತ್ತಿನಗಾಡಿಯಲ್ಲಿ ಜಾತ್ರೆಗೆ ಹೊರಟ ಹಾಗೆ. ಹಿಂದಿನವರೆಲ್ಲ ಹಾರ್ನು ಹೊಡೆದರು. ಹಸನಬ್ಬಾಕ ಅವರಿಗೆಲ್ಲ ಸಲಾಮು ಮಾಡುತ್ತ ಸಾಗಿದರು. ತೊಡೆಯ ಮೇಲೆ ಕೆಸರಿನ ಶೀಶೆ, ಕಾಲ ಸಂದಿಯಲ್ಲಿ ಫ್ಲಾಸ್ಕು ಇಟ್ಟುಕೊಂಡು ಶಾಮಸುಂದರ ತಪ್ಪೊಪ್ಪಿಗೆಯ ಮಾತುಗಳನ್ನು ಕೂಡಿಸುತ್ತಿದ್ದ. ಒಂದೂ ಸರಿಹೋಗಲಿಲ್ಲ.

ಡ್ಯಾನ್ಸ್ ಹಾಲಿನಲ್ಲಿ ಎಲ್ಲರೂ ಕಾದು ಕೂತಿದ್ದರು. ಬೆವರಿನಲ್ಲಿ ನೆನೆದು ಬಂದ ಶಾಮಸುಂದರನನ್ನು ಕಂಡು ಸ್ಟೀಫನ್ ಗಾಬರಿಯಾದರು.

“ಎಂತ ಆಯ್ತು ಶಾಮಸುಂದರ? ಮೊದಲು ಕೂತ್ಕೊಳ್ಳಿ. ಫ್ಲಾಸ್ಕಲ್ಲಿ ಎಂತದು, ಚಹಾವಾ? ಆರಾಧನೆ ಐದು ನಿಮಿಷ ತಡವಾದ್ರೆ ಯಾರೂ ಬಯ್ಯುವುದಿಲ್ಲ. ಎಲ್ಲರೂ ಒಂದೊಂದು ಗುಟುಕು ಕುಡಿಯುವ.”

ಕಾಗದದ ಲೋಟಗಳು ಬಂದವು. ಸುಲೈಮಾನಿ ಹಂಚಿಹೋಯಿತು. ದೇವರನ್ನು ನಂಬುವವರೂ ನಂಬದವರೂ ಆಹಾ ಎಂದರು. ಸ್ಟೀಫನ್ ಎರಡು ಲೋಟ ಕುಡಿದು, “ಇಂಥ ಚಹಾ ಕುಡಿಯದೆ ಎಷ್ಟು ಕಾಲವಾಯ್ತು” ಎಂದರು. ಶಾಮಸುಂದರ ಮಾತ್ರ ತನ್ನ ಲೋಟವನ್ನು ಪಕ್ಕದವರಿಗೆ ಕೊಟ್ಟುಬಿಟ್ಟ.

ಚರ್ಚಿನ ಗುರುತಾದ ಬಟ್ಟಲಿನ ದೀಪ ಹಚ್ಚಿ ಆರಾಧನೆ ಆರಂಭವಾಯಿತು. ಒಬ್ಬಾಕೆ ಫಿಲಿಪ್ಪೀನ್ಸಿನ ತಮ್ಮೂರ ಹೊಳೆಯ ನೀರು ಸುರಿದು, ಅಮ್ಮನ ಜ್ವರ ವಾಸಿಯಾದದ್ದಕ್ಕೆ ಕೃತಜ್ಞತೆ ಹೇಳಿದಳು. ಬೆಂಗಳೂರಿನ ನಿಸರ್ಗ, “ನಮ್ಮ ಲೇಔಟಿಗೆ ಹೊಳೆ ಇಲ್ಲ, ಇದು ಟ್ಯಾಂಕರ್ ನೀರು. ಫೋನ್ ಮಾಡಿದ ದಿನವೇ ಬಂದದ್ದಕ್ಕೆ ಕೃತಜ್ಞತೆ” ಎಂದಳು. ಎಲ್ಲರೂ ನಕ್ಕರು. ಕೊನೆಗೆ ಸ್ಟೀಫನ್ ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡು, “ಇನ್ನು ಹಳೆಯ ನೀರು” ಎಂದರು.

ಶಾಮಸುಂದರ ಎದ್ದ. ಶೀಶೆಯಲ್ಲಿ ಒಂದು ಕರಿಬೇವಿನ ಎಲೆ ತೇಲುತ್ತಿತ್ತು.

“ಸ್ಟೀಫನ್ ಸಾರ್, ನೀರು ಕಳೆದುಬಿಟ್ಟೆ” ಎಂದ. ಉಳಿದದ್ದನ್ನೆಲ್ಲ ಒಂದೇ ಉಸಿರಿನಲ್ಲಿ ಹೇಳಿದ. “ನನಗೆ ಕೆಲಸ ಇಲ್ಲದಾಗ ನೀವು ಅನ್ನ ಹಾಕಿದ್ರಿ. ನೀವು ಒಂದು ಬಾಟ್ಲಿ ನೀರು ಕೊಟ್ರೆ ಅದನ್ನ ಕಾಯೋ ಯೋಗ್ಯತೆ ನನಗಿರ್ಲಿಲ್ಲ.”

ಹಿಂದಿನ ಸಾಲಿನಿಂದ ಹಸನಬ್ಬಾಕ ಎದ್ದು, “ಗಿಡಕ್ಕೆ ಹಾಕಿದವ ನಾನು. ಅವನನ್ನು ಬಯ್ಯಬೇಡಿ” ಎಂದರು.

ಸ್ಟೀಫನ್ ಶೀಶೆಯನ್ನು ಬೆಳಕಿಗೆ ಹಿಡಿದು ನೋಡುತ್ತ ನಿಂತರು. ಅಷ್ಟರಲ್ಲಿ ಹಸನಬ್ಬಾಕನ ಫೋನು ಕಿರುಚಿಕೊಂಡಿತು. ಕಿವಿ ಮಂದವಾದ್ದರಿಂದ ಅವರದು ಯಾವಾಗಲೂ ಸ್ಪೀಕರಿನಲ್ಲೇ.

“ಹಸನಬ್ಬಾಕ, ಶಾಮಣ್ಣನಿಗೆ ಹೇಳಿ!” ಮೈಮೂನಳ ದನಿ ಕನ್ನಡಿಗಳಿಗೆ ಬಡಿದು ಮೊಳಗಿತು. “ಕುಂಕುಮದ ಬಾಟ್ಲಿ ನನ್ನ ಸಿಂಕಿನ ಕೆಳಗೇ ಉಂಟು! ಖಾಲಿ. ಆ ನೀರಲ್ಲೇ ನಾನು ಸುಲೈಮಾನಿ ಮಾಡಿದ್ದು!”

ಎಲ್ಲರೂ ಕೈಯಲ್ಲಿದ್ದ ಖಾಲಿ ಲೋಟ ನೋಡಿಕೊಂಡರು. ಶಾಮಸುಂದರ ಅಷ್ಟು ದೂರದಿಂದ, ಕಾಲ ಸಂದಿಯಲ್ಲಿಟ್ಟು ಜೋಪಾನವಾಗಿ ಹೊತ್ತು ತಂದದ್ದು ಐರಿನ್ನರ ನೀರನ್ನೇ.

ಸ್ಟೀಫನ್ ಫ್ಲಾಸ್ಕನ್ನು ಎತ್ತಿ ಬೋಗುಣಿಯ ಮೇಲೆ ತಲೆಕೆಳಗು ಹಿಡಿದರು. ಬಹಳ ಹೊತ್ತಿನ ಮೇಲೆ ಎರಡು ಹನಿ ಬಿದ್ದವು. ಅವರ ಭುಜ ಅಲುಗಿತು. ಅಳುತ್ತಿದ್ದಾರೆಂದು ಎಲ್ಲರೂ ತಲೆ ತಗ್ಗಿಸಿದರೆ, ಅವರು ನಗುತ್ತಿದ್ದರು. ಕಣ್ಣಲ್ಲಿ ನೀರೂ ಇತ್ತು.

“ಐರಿನ್ ಬದುಕಿದ್ದಾಗ ಯಾರನ್ನೂ ಚಹಾ ಕುಡಿಸದೆ ಕಳಿಸಿದವಳಲ್ಲ” ಎಂದರು. “ಇವತ್ತೂ ಬಿಡಲಿಲ್ಲ ನೋಡಿ. ನಾನು ಅವಳನ್ನು ಬಾಟ್ಲಿಯಲ್ಲಿ ಮುಚ್ಚಿಟ್ಟು ಕೂತಿದ್ದೆ. ಆ ಮೈಮೂನಮ್ಮನಿಗೆ ನನ್ನ ದೊಡ್ಡ ಥ್ಯಾಂಕ್ಸ್ ಹೇಳಿ.”

ಸ್ಟೀಫನ್ ಅವನನ್ನು ಬಿಗಿಯಾಗಿ ಅಪ್ಪಿಕೊಂಡರು. ಬದುಕಿದೆ ಎಂದುಕೊಂಡ ಶಾಮಸುಂದರ. ಅಷ್ಟರಲ್ಲೇ ಚರ್ಚು ಒಮ್ಮತದಿಂದ ತೀರ್ಮಾನಿಸಿತು: ಇನ್ನು ಮುಂದೆ ಪ್ರತಿ ವರ್ಷ ಹಳೆಯ ನೀರಿನಲ್ಲಿ ಸುಲೈಮಾನಿಯೇ ಆಗಬೇಕು, ಎಲ್ಲರಿಗೂ ಎರಡೆರಡು ಲೋಟ ಸಿಗುವಂತೆ ಬಾಟಲಿಯ ಬದಲು ದೊಡ್ಡ ಕ್ಯಾನೇ ತುಂಬಬೇಕು. ಬೋಗುಣಿಯ ನೀರು ಸಾಲದೆ, ಅಲ್ಲಿದ್ದ ನೀರಿನ ಕೂಲರಿನಿಂದಲೂ ಸೇರಿಸಿದರು. ಯಾರು ಇಟ್ಟುಕೊಳ್ಳುತ್ತೀರಿ ಎಂದಾಗ ಶಾಮಸುಂದರ ಎರಡೂ ಕೈಗಳನ್ನು ತೊಡೆಯಡಿ ಇಟ್ಟುಕೊಂಡು ಕೂತ.

“ಇವನೇ ಇಟ್ಟುಕೊಳ್ತಾನೆ” ಎಂದು ಹಸನಬ್ಬಾಕ ಅವನ ಪರವಾಗಿ ಕೈ ಎತ್ತಿದರು. “ಇವನ ಹೆಂಡತಿ ಬಹಳ ಒಳ್ಳೆಯವಳು.”

ಸಂಜೆ ಕ್ಯಾನನ್ನು ಬಾಗಿಲೊಳಗೆ ಇಳಿಸಿ, ಕೋಕಿಲಾ ಇನ್ನೂ ಬಂದಿಲ್ಲವೆಂದು ನಿಟ್ಟುಸಿರುಬಿಟ್ಟು, ಅದನ್ನು ಬಚ್ಚಿಡಲು ಮೈಮೂನಳ ಮನೆಯಲ್ಲಿ ಜಾಗ ಕೇಳಲೆಂದು ಅವನು ಹೊರಟ. ಆಕೆ ಕ್ಷಮೆ ಕೇಳಿ, ಕಣ್ಣೊರೆಸಿಕೊಂಡು, ಸ್ಟೀಫನ್ ಏನೆಂದರು ಎಂದು ಮೂರು ಸಲ ಹೇಳಿಸಿಕೊಂಡು ಬಿಡುವಷ್ಟರಲ್ಲಿ ಹೊತ್ತಾಯಿತು. ವಾಪಸು ಬಂದರೆ ಅವನ ಮನೆಯ ಮುಂದೆ ಕಾರಿಡಾರಿನ ಜನವೆಲ್ಲ ಪಾತ್ರೆ ಹಿಡಿದು ನಿಂತಿದ್ದರು. ಒಳಗೆ ಗ್ಯಾಸಿನ ಮೇಲೆ ಅನ್ನ, ಸಾರು, ಕಾಫಿ ಒಟ್ಟಿಗೇ ಕುದಿಯುತ್ತಿದ್ದವು. ಕೋಕಿಲಾ ಕ್ಯಾನನ್ನು ಬಗ್ಗಿಸಿ, ಕೊನೆಯವರ ಪಾತ್ರೆಗೆ ಕೊನೆಯ ಹನಿ ಸುರಿಯುತ್ತಿದ್ದಳು.

“ರೀ!” ಎಂದಳು, ಕಣ್ಣು ತುಂಬಿಕೊಂಡು. “ಪಂಪು ನಾಳೆ ತನಕ ರಿಪೇರಿ ಆಗಲ್ವಂತೆ. ಕ್ಲಿನಿಕ್ಕಲ್ಲಿ ಇಡೀ ದಿನ ಅದೇ ಯೋಚನೆ. ಬಂದು ನೋಡಿದ್ರೆ ನೀವು ಕ್ಯಾನೇ ತಂದಿಟ್ಟಿದ್ದೀರಿ! ಮದುವೆಯಾದ ಮೇಲೆ ಇದೇ ಮೊದಲು, ನಾನು ಹೇಳ್ದೇ ಒಂದು ಕೆಲಸ ಮಾಡಿದ್ದು. ನಿಮ್ಮನ್ನ ಸುಮ್ಮನೆ ಬಯ್ತೀನಿ ನಾನು.”

“ದೊಡ್ಡ ಮನಸ್ಸು ಶಾಮಣ್ಣನದು” ಎಂದರು ಪಾತ್ರೆ ಹಿಡಿದು ಹೊರಟವರು. “ನೀರನ್ನೆಲ್ಲ ಕುದಿಸಿ ಕುಡೀರಿ ಆಯ್ತಾ” ಎಂದಷ್ಟೇ ಹೇಳಿದ ಶಾಮಸುಂದರ. ಹೆಂಡತಿ ಹೀಗೆ ನೋಡಿ ಎಷ್ಟು ವರ್ಷವಾಗಿತ್ತೋ. ನಿಜ ಹೇಳುವ ಮನಸ್ಸಾಗದೆ ಶಾಮಸುಂದರ ಬಾಲ್ಕನಿಗೆ ಹೋಗಿ ಸ್ಟೀಫನ್‌ಗೆ ಫೋನು ಹಚ್ಚಿದ.

“ಸಾರ್, ನೀರು…”

“ಮತ್ತೆಯಾ?”

“ಇಡೀ ಫ್ಲೋರಿನವರು ಅಡುಗೆ ಮಾಡ್ಕೊಂಡುಬಿಟ್ರು ಸಾರ್. ಒಂದು ಹನಿ ಇಲ್ಲ.”

ಆ ಕಡೆಯಿಂದ ಸ್ಟೀಫನ್ ನಿಧಾನವಾಗಿ ಹೇಳಿದರು: “ಚಿಂತೆ ಬೇಡ ಮಾರಾಯ್ರೆ. ನೀರು ಎಲ್ಲಿ ಹೋಗಿದೆ ಅಂತ ನಮಗೆ ಗೊತ್ತುಂಟಲ್ಲ. ಮುಂದಿನ ಸೆಪ್ಟೆಂಬರಿಗೆ ಅವರನ್ನೆಲ್ಲ ಚಹಾಕ್ಕೆ ಕರ್ಕೊಂಡು ಬನ್ನಿ. ಒಬ್ಬರೂ ಬಿಟ್ಟುಹೋಗಬಾರದು, ನೋಡಿ. ಅಲ್ಲಿವರೆಗೆ ಅವರನ್ನು ಜೋಪಾನವಾಗಿ ನೋಡಿಕೊಳ್ಳುವ ಜವಾಬ್ದಾರಿ ನಿಮ್ಮದೇ.”

ಶಾಮಸುಂದರ ಫೋನಿಟ್ಟು ಒಳಗೆ ಬಂದ. ಊಟಕ್ಕೆ ಬಂದು ಕೂತಿದ್ದ ಹಸನಬ್ಬಾಕ ಆ ನೀರಿನ ಸಾರನ್ನೇ ಸುರಿದುಕೊಳ್ಳುತ್ತ, ಮಗನ ಜೊತೆ ಜಗಳವಾಗಿದೆ, ಬರುವ ತಿಂಗಳು ಅಬುಧಾಬಿಯ ಮಗಳ ಮನೆಗೇ ಹೋಗಿಬಿಡುತ್ತೇನೆ ಎಂದು ಕೋಕಿಲಾಗೆ ಹೇಳುತ್ತಿದ್ದರು.

“ಅದು ಹೇಗೆ ಹೋಗ್ತೀರ?” ಶಾಮಸುಂದರ ಕೂಗಿಕೊಂಡ. “ನೀವು ಸೆಪ್ಟೆಂಬರ್ ತನಕ ಎಲ್ಲಿಗೂ ಹೋಗೋ ಹಾಗಿಲ್ಲ!”

ತನ್ನ ಮೇಲೆ ಇವನಿಗೆ ಇಷ್ಟು ಪ್ರೀತಿಯೇ ಎಂದು ಮುದುಕರ ಕಣ್ಣು ತೇವವಾಯಿತು. “ಹಾಗಾದ್ರೆ ಇಲ್ಲೇ ಇರ್ತೇನೆ ಮಾರಾಯ” ಎಂದು ಅಲ್ಲೇ, ಅವನ ಸೋಫಾದ ಮೇಲೆ ಕಾಲು ಚಾಚಿದರು.