ಮಾರಲೊಲ್ಲದ ಮಾಮನ ಪುಡಿ ಅಂಗಡಿ

ನಮ್ಮ ಸೋದರಮಾವ ಅಂಗಡಿ ಇಟ್ಟಿರುವುದು ಮಾರುವುದಕ್ಕಲ್ಲ, ಬಂದ ಗಿರಾಕಿಯನ್ನು ಬರಿಗೈಯಲ್ಲಿ ಮನೆಗೆ ಕಳಿಸುವುದಕ್ಕೆ! ಅವರ ಮೇಲಿನ ಸಿಟ್ಟಿಗೆ ಹೀಗೆ ಹೇಳುತ್ತಿದ್ದೇನೆಂದು ತಿಳಿಯಬೇಡಿ. ಸೇಡಂ ಬಸ್ ನಿಲ್ದಾಣದಲ್ಲಿ ಇಳಿದು ಗಿಡಮೂಲಿಕೆ ಪುಡಿಯ ಅಂಗಡಿ ಎಲ್ಲಿದೆ ಎಂದು ಯಾರನ್ನಾದರೂ ಕೇಳಿ ನೋಡಿ. "ಕೊಡಂಗಿಲ್ಲ ಅನ್ನೋ ಮುದುಕಂದೇನ್ರಿ? ಅಲ್ಲೇ ನೋಡ್ರಿ, ಬೇಕರಿ ಬಾಜೂಕ" ಎಂದು ಬೆರಳು ತೋರಿಸುತ್ತಾರೆ.

ಮಾಮ ಮೊದಲು ಸಿಮೆಂಟ್ ಕಾರ್ಖಾನೆಯೊಂದರಲ್ಲಿ ಲಾರಿ ತೂಗುವ ಕೆಲಸದಲ್ಲಿದ್ದರು. ನಿವೃತ್ತಿಯಾದ ಮೇಲೆ ಈ ಅಂಗಡಿ. ಟನ್ ಲೆಕ್ಕದಲ್ಲಿ ತೂಗಿದವರು ಈಗ ಗ್ರಾಂ ಲೆಕ್ಕದಲ್ಲಿ ತೂಗುತ್ತಾರೆ, ಅಷ್ಟೇ ವ್ಯತ್ಯಾಸ. ಗಿರಾಕಿಯನ್ನು ಮಾತ್ರ ಈಗಲೂ ಲಾರಿಯನ್ನು ನೋಡಿದ ಹಾಗೆಯೇ ನೋಡುತ್ತಾರೆ. ಒಳಗೆ ಏನು ತುಂಬಿದೆ, ಎಷ್ಟು ತುಂಬಿದೆ, ಮೇಲೆ ಟಾರ್ಪಾಲು ಯಾಕೆ ಮುಚ್ಚಿದ್ದಾನೆ!

ಒಮ್ಮೆ ಕೋಡ್ಲಾದಿಂದ ಕಡ್ಡಿಯಂಥ ಹುಡುಗನೊಬ್ಬ ಬಂದ. ಮದುವೆ ಗೊತ್ತಾಗಿತ್ತಂತೆ.

"ಮೈ ತುಂಬೋ ಪುಡಿ ಕೊಡ್ರಿ, ಕಾಕಾ."

"ಮುಂಜಾನಿ ಏನ್ ತಿಂದೀ?"

"ಚಾ ಕುಡ್ದೀನ್ರಿ."

"ಮತ್ತ?"

"ಮತ್ತೊಂದ್ ಚಾ."

"ಮಧ್ಯಾಹ್ನ?"

"ಮೊಬೈಲ್ ನೋಡ್ಕೋತ ಕುಂತ್ರ ಊಟದ ಖಬರೇ ಇರಂಗಿಲ್ರಿ."

"ಹೋಗು. ಒಂದ್ ತಿಂಗಳು ಎರಡೂ ಹೊತ್ತು ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ಉಣ್ಣು. ಆಮ್ಯಾಲ ಬಾ, ಪುಡಿ ಕೊಡ್ತೀನಿ."

ಹುಡುಗ ತಿಂಗಳು ಬಿಟ್ಟು ಬಂದ. ಕೆನ್ನೆ ತುಂಬಿತ್ತು. "ಈಗ ಕೊಡ್ರಿ" ಎಂದ. ಮಾಮ ಅವನನ್ನು ಮೇಲಿನಿಂದ ಕೆಳಗಿನತನಕ ನೋಡಿ, "ಈಗ ಯಾಕ?" ಎಂದು ಮತ್ತೆ ಕಳಿಸಿದರು. ಆ ಹುಡುಗ ಲಗ್ನಪತ್ರಿಕೆ ತಂದುಕೊಟ್ಟ. ಪುಡಿಯನ್ನಂತೂ ಕೊಳ್ಳಲಿಲ್ಲ!

ಕೂದಲಿನ ಎಣ್ಣೆಯ ಕಥೆ ಇನ್ನೂ ಚೆಂದ. ಕಂಪನಿಯವರು ಅಂಗಡಿಯ ಗೋಡೆಗೆ ಮೊಣಕಾಲತನಕ ಜಡೆ ಬಿಟ್ಟ ಹೆಣ್ಣುಮಗಳ ಚಿತ್ರ ಅಂಟಿಸಿ ಹೋಗಿದ್ದರು. ಅದರ ಕೆಳಗೆ ಟೋಪಿ ಹಾಕಿಕೊಂಡು ಕುಳಿತಿದ್ದರು ನಮ್ಮ ಮಾಮ. ಗಿರಾಕಿಯೊಬ್ಬ, "ಇದು ಹಚ್ಚಿದ್ರ ಖರೇನೇ ಕೂದಲಾ ಬರ್ತಾವೇನ್ರಿ?" ಎಂದು ಕೇಳಿದ. ಮಾಮ ಟೋಪಿ ತೆಗೆದರು. ತಲೆ ನೆಲಕ್ಕೆ ಹಾಸುವ ಶಹಾಬಾದಿನ ಪರಸಿಕಲ್ಲಿನಂತೆ ನುಣ್ಣಗಿತ್ತು. "ಆರ್ ತಿಂಗಳಾತು ನಾನೂ ಹಚ್ಚಾಕತ್ತೀನಿ" ಎಂದರು. ಗಿರಾಕಿ ನಮಸ್ಕಾರ ಮಾಡಿ ಹೋದ. ಕಂಪನಿಯವರು ಬಂದು ಚಿತ್ರ ಕಿತ್ತುಕೊಂಡು ಹೋದರು.

ಸಕ್ಕರೆ ಕಾಯಿಲೆಯವರು ಬಂದು, "ಗುಳಿಗಿ ಬಿಟ್ಟೀನ್ರಿ, ಇನ್ನ ನಿಮ್ಮ ಪುಡೀನೇ ತಿಂತೀನಿ" ಎಂದರೆ ಮಾಮನಿಗೆ ಎಲ್ಲಿಲ್ಲದ ಕೋಪ. ಹಾಗೆಂದ ಒಬ್ಬ ಮಾಸ್ತರರನ್ನು ರಟ್ಟೆ ಹಿಡಿದು ನೇರ ಸರ್ಕಾರಿ ದವಾಖಾನೆಗೆ ಎಳೆದುಕೊಂಡು ಹೋಗಿದ್ದರು. ಅಂಗಡಿ ತೆರೆದೇ ಇತ್ತು. ಆಡೊಂದು ನುಗ್ಗಿ ಹಸಿವು ಹೆಚ್ಚಿಸುವ ಪುಡಿಯ ನಾಲ್ಕು ಪೊಟ್ಟಣ ಮೇಯ್ದಿತು. ಆಮೇಲೆ ಅದು ಸಾಲಿನಲ್ಲಿದ್ದ ಕಾಯಿಪಲ್ಲೆಯವಳ ಬುಟ್ಟಿಯ ಕೊತ್ತಂಬರಿ, ಮೆಂತ್ಯೆ, ಕೊನೆಗೆ ಬುಟ್ಟಿಯನ್ನೂ ತಿಂದಿತೆಂದು ಪ್ರತ್ಯಕ್ಷ ನೋಡಿದವರು ಹೇಳುತ್ತಾರೆ. ತಮ್ಮ ಸರಕಿನ ಪರಿಣಾಮವನ್ನು ಮಾಮ ಒಪ್ಪಿಕೊಂಡದ್ದು ಅದೊಂದೇ ಸಲ!

ಹೀಗಾದರೆ ಅಂಗಡಿ ನಡೆಯುವುದು ಹೇಗೆ? ನನಗೂ ಆ ಪ್ರಶ್ನೆ ಇತ್ತು. ನಡೆಯುತ್ತಿದ್ದದ್ದು ಇದೇ ಕಾರಣಕ್ಕೆ. "ಇಷ್ಟ್ ಜನಕ್ಕ ಒಲ್ಲೆ ಅಂತಾನ. ಅಂದ್ರ ಕೊಟ್ಟಿದ್ದು ಅಸಲಿ ಇರ್ಲಿಕ್ಕೇ ಬೇಕು" ಎಂದು ಜನ ತೀರ್ಮಾನಿಸಿದ್ದರು. ಅದರಲ್ಲೂ ಕೆಮ್ಮಿನ ಪುಡಿ. ಸಿಮೆಂಟಿನ ಧೂಳು ಕುಡಿಯುವ ಊರಿನಲ್ಲಿ ಕೆಮ್ಮಿಗೇನು ಬರ? ಆಡುಸೋಗೆ, ಶುಂಠಿ, ಹಿಪ್ಪಲಿ ಹಾಕಿ ಆ ಪುಡಿಯನ್ನು ಮಾಡಿಕೊಡುತ್ತಿದ್ದವಳು ಚಿತ್ತಾಪುರದ ಒಬ್ಬ ಹೆಣ್ಣುಮಗಳು. ನಾವೆಲ್ಲ ಅವಳನ್ನು ಅಕ್ಕ ಎನ್ನುತ್ತೇವೆ. ಮನೆಯ ಪಡಸಾಲೆಯಲ್ಲಿ ಒಂದು ಪುಡಿ ಮಾಡುವ ಯಂತ್ರ, ಓಣಿಯ ನಾಲ್ಕು ಹೆಣ್ಣುಮಕ್ಕಳು. ಅದೇ ಅವಳ ಕಾರ್ಖಾನೆ.

ಇಂತಿರಲಾಗಿ ಒಂದು ದಿನ ಪತ್ರಿಕೆಯಲ್ಲಿ ಸುದ್ದಿ ಬಂತು. ಎಲ್ಲೋ ಗಿಡಮೂಲಿಕೆಯ ಪುಡಿಯಲ್ಲಿ ಇಂಗ್ಲಿಷ್ ಔಷಧ ಬೆರೆಸಿದ್ದು ಸಿಕ್ಕಿತಂತೆ. ಅದಕ್ಕೇ ಪರವಾನಗಿ, ಪ್ರಯೋಗಾಲಯದ ಪರೀಕ್ಷೆ ಇಲ್ಲದ ಎಲ್ಲ ಪುಡಿಗಳ ಮಾರಾಟವನ್ನು ನಿಷೇಧಿಸುವ ಪ್ರಸ್ತಾಪ. ಆಕ್ಷೇಪಣೆ ಇದ್ದವರು ತಿಳಿಸಬಹುದು. ಸಣ್ಣ ವ್ಯಾಪಾರಿಗಳು ಕಂಗಾಲಾದರು. ಪರೀಕ್ಷೆ ಮಾಡುವ ಜಾಗ ಎಲ್ಲೋ ದೂರ, ಅದರ ಶುಲ್ಕವೋ ಅಕ್ಕನಂಥವರ ಕೈಗೆ ಎಟುಕುವಂಥದಲ್ಲ. ದೊಡ್ಡ ಕಂಪನಿಗಳು ಉಳಿಯುತ್ತವೆ, ಪಡಸಾಲೆಗಳು ಮುಚ್ಚುತ್ತವೆ.

ಮರುದಿನವೇ ಮಾಮನ ಅಂಗಡಿಯ ಮುಂದೆ ಹತ್ತು ಹದಿನೈದು ಜನ ಸೇರಿದರು. ವಾಡಿ ಸ್ಟೇಷನ್ನಿನ ಬಳಿ ಗಾಡಿಯಲ್ಲಿ ಮಾರುವವನು, ಚಿಂಚೋಳಿಯಿಂದ ಬೇರು ತಂದುಕೊಡುವವರು, ಶಹಾಬಾದಿನ ಒಬ್ಬ ಅಂಗಡಿಕಾರ, ಜೊತೆಗೆ ಅಕ್ಕ. ಹಿರಿಯರೆಂದು ಮಾಮನೇ ಮುಂದೆ ನಿಲ್ಲಬೇಕೆಂಬುದು ಅವರ ಬೇಡಿಕೆ. ಮನವಿ ಬರೆಯಲು ಹೈಸ್ಕೂಲಿನ ಕನ್ನಡ ಮಾಸ್ತರನಾದ ನಾನು.

ಮಾಮ ಎಲ್ಲ ಕೇಳಿ, ಚಹ ಕುಡಿದು ಲೋಟ ಕೆಳಗಿಟ್ಟು, "ಬಂದ್ ಮಾಡ್ಲಿ ಬಿಡ್ರಿ, ಚಲೋ ಆತು" ಎಂದರು!

ಗದ್ದಲವೆಂದರೆ ಗದ್ದಲ. ಬೇಕರಿಯವನು ಜಗಳವೆಂದು ಅರ್ಧ ಷಟರ್ ಎಳೆದ. ಎಲ್ಲರೂ ಕೂಗಾಡಿ ಸುಸ್ತಾದ ಮೇಲೆ ಅಕ್ಕ ಎದ್ದು ನಿಂತಳು.

"ಅಣ್ಣಾರ, ನನ್ನ ಪುಡಿಯಾಗ ಏನರೆ ಕಲಬೆರಕಿ ಅದಾ ಹೇಳ್ರಿ."

"ಇಲ್ಲವ್ವ. ನಿನ್ನ ಪುಡಿ ಬಂಗಾರ."

"ಹಂಗಾದ್ರ ನನ್ನ ಮಷೀನ್ ಯಾಕ ಬಂದ್ ಆಗ್ಬೇಕು? ಮಂದಿ ತಪ್ಪಿಗಿ ನಮ್ಮ ಓಣಿ ನಾಲ್ಕು ಹೆಣ್ಮಕ್ಕಳು ಮತ್ತ ಕಲ್ಲು ಹೊರ್ಲಿಕ್ಕಿ ಹೋಗ್ಬೇಕೇನು?"

ಲಾರಿ ಡ್ರೈವರುಗಳಿಗೇ ಮಾತಿನಲ್ಲಿ ಸೋಲದ ನಮ್ಮ ಮಾಮ ತಕ್ಕಡಿಯ ತಟ್ಟೆಯನ್ನು ಅಂಗಿಯ ತುದಿಯಿಂದ ಒರೆಸುತ್ತ ಕುಳಿತರು. ಆಮೇಲೆ, "ಬರ್ತೀನಿ. ಆದ್ರ ಮೊದಲು ಎಲ್ಲಾರೂ ನಿಮ್ಮ ನಿಮ್ಮ ಪುಡಿ ನನ್ನ ಮುಂದ ಇಡ್ರಿ" ಎಂದರು.

ಪೊಟ್ಟಣಗಳು ಬಂದವು. ಮಾಮ ಒಂದೊಂದನ್ನೇ ಬಿಚ್ಚಿ ಮೂಸಿದರು, ನಾಲಿಗೆಯ ಮೇಲಿಟ್ಟರು. "ಇದರಾಗ ಶುಂಠಿಕಿಂತ ಹಿಟ್ಟೇ ಜಾಸ್ತಿ ಅದ. ಬಜ್ಜಿ ಮಾಡ್ಲಿಕ್ಕಿ ಬರ್ತದ" ಎಂದು ವಾಡಿಯವನ ಪೊಟ್ಟಣವನ್ನು ಪಕ್ಕಕ್ಕೆ ತಳ್ಳಿದರು. ಶಹಾಬಾದಿನವನ ಕೀಲುನೋವಿನ ಪುಡಿ ಬಂದಾಗ ಮಾತ್ರ ಬಿಚ್ಚಲೇ ಇಲ್ಲ.

"ಇದನ್ನ ತಿಂದ್ರ ನೋವು ಯಾವಾಗ ಹೋಗ್ತದ?"

"ಹತ್ತ್ ನಿಮಿಷದಾಗ್ರಿ!" ಎಂದು ಅವನು ಹೆಮ್ಮೆಯಿಂದ ಹೇಳಿದ.

"ಗಿಡ ಅಷ್ಟ್ ಅವಸರ ಮಾಡಂಗಿಲ್ಲಪ್ಪ. ಇದರಾಗ ಗುಳಿಗಿ ಅರದು ಹಾಕ್ಯಾರ. ಇದು ನಿನ್ನ ಅಂಗಡ್ಯಾಗ ಇರೋತನಕ ನಾ ಬರಂಗಿಲ್ಲ."

"ನಾ ಮಾಡಿದ್ದಲ್ರಿ, ಹೊರಗಿಂದ ತರಿಸ್ತೀನಿ. ಪರಸಿ ಹೊರೋ ಮಂದಿ ನಡು ಹಿಡ್ಕೊಂಡು ದಿನಾ ಬರ್ತಾರ. ಈ ಒಂದು ಪುಡಿ ಮ್ಯಾಲೇ ನನ್ನ ಅಂಗಡಿ ನಿಂತದ!"

"ಅವರ ನಡು ನಿನ್ನ ಮ್ಯಾಲ ನಿಂತದಲ್ಲೋ ತಮ್ಮಾ."

ಅವನು ಪೊಟ್ಟಣ ಕಿತ್ತುಕೊಂಡು ಎದ್ದು ಹೋದ.

ಇನ್ನು ನನ್ನ ಮನವಿಯ ವಿಚಾರ. 'ಸನ್ಮಾನ್ಯರ ದಿವ್ಯ ಸನ್ನಿಧಾನಕ್ಕೆ' ಎಂದು ಶುರುಮಾಡಿ ಮೂರು ಪುಟ ಬರೆದಿದ್ದೆ. ವೇದಕಾಲದಿಂದ ಗಿಡಮೂಲಿಕೆಯ ಪರಂಪರೆಯನ್ನು ಎಳೆದುಕೊಂಡು ಬಂದು ಸೇಡಂ ತಲುಪಿಸುವಷ್ಟರಲ್ಲಿ ನನಗೇ ಬೆವರು ಬಂದಿತ್ತು. ಮಾಮ ಓದಿ, "ಭಾಳ ಚಂದ ಅದ. ಸಾಲಿ ಹುಡುಗರಿಗಿ ಕೊಡು" ಎಂದು ಪಕ್ಕಕ್ಕಿಟ್ಟರು. ಬೇಕರಿಯ ಚೀಟಿಯ ಹಿಂದೆ ತಾವೇ ನಾಲ್ಕು ಸಾಲು ಬರೆದರು: ಕಲಬೆರಕೆ ಮಾಡಿದವರನ್ನು ಹಿಡಿಯಿರಿ. ನಮ್ಮ ಪುಡಿಯನ್ನೂ ಪರೀಕ್ಷೆ ಮಾಡಿರಿ. ಪರೀಕ್ಷೆ ಮಾಡುವ ಜಾಗ ಹತ್ತಿರಕ್ಕೆ ತನ್ನಿರಿ. ಶುಲ್ಕ ಬಡವರಿಗೆ ಎಟುಕುವಂತೆ ಇಡಿರಿ.

ಅಹವಾಲು ಕೇಳುವ ಸಭೆ ಚಿತ್ತಾಪುರದಲ್ಲಿ ನಡೆಯಿತು. ಅಧಿಕಾರಿ ಚೀಟಿ ಓದಿ, ಅದರ ಹಿಂದಿದ್ದ ಖಾರಿ ಬಿಸ್ಕತ್ತಿನ ಚಿತ್ರವನ್ನೂ ನೋಡಿ ತಲೆಯೆತ್ತಿದರು.

"ಯಜಮಾನರೇ, ನೀವು ನಿಷೇಧದ ಪರವೋ, ವಿರುದ್ಧವೋ?"

"ಪುಡಿ ನೋಡಿ ಹೇಳ್ತೀನ್ರಿ, ಸಾಹೇಬ್ರ."

ಸಭೆ ನಕ್ಕಿತು. ಅಧಿಕಾರಿಯೂ ನಕ್ಕರು. ಅಷ್ಟರಲ್ಲಿ ಹಿಂದಿನ ಸಾಲಿನಿಂದ ಒಬ್ಬ ಎದ್ದು ಬಂದ. ಶಹಾಬಾದಿನವನು! ಚೀಲವೊಂದನ್ನು ಮೇಜಿನ ಮೇಲಿಟ್ಟು ಹೇಳಿದ:

"ಮೊದಲು ಇದನ್ನ ಪರೀಕ್ಷಾ ಮಾಡ್ರಿ, ಸಾಹೇಬ್ರ. ಎಲ್ಲಿಂದ ತರಿಸ್ತೀನಿ ಅದನ್ನೂ ಬರ್ದು ಕೊಡ್ತೀನಿ. ನಮ್ಮವ್ವನೂ ಇದನ್ನೇ ತಿಂತಾಳ್ರಿ. ಮೊನ್ನಿ ಈ ಮುದುಕರು ಅಂದಾಗಿನಿಂದ ನನಗ ಕೂಳು ಗಂಟಲದಾಗ ಇಳಿವಲ್ದು."

ಮಾಮ ಎದ್ದು ಹೋಗಿ ಅವನನ್ನು ತಮ್ಮ ಪಕ್ಕಕ್ಕೆ ಕರೆತಂದು ಕೂರಿಸಿಕೊಂಡರು.

ಕೆಲವು ತಿಂಗಳಾದ ಮೇಲೆ ನಿಯಮ ಬಂತು. ಪ್ರಸ್ತಾಪ ಇದ್ದ ಹಾಗೆ ಬರಲಿಲ್ಲ. ಸಣ್ಣ ತಯಾರಕರು ಗುಂಪಾಗಿ ಪರವಾನಗಿ ಪಡೆಯಬಹುದು, ಪರೀಕ್ಷೆಗೆ ಕಾಲಾವಕಾಶ ಉಂಟು ಎಂದಾಯಿತು. ಶಹಾಬಾದಿನ ಪುಡಿಯಲ್ಲಿ ಮಾಮ ಹೇಳಿದ್ದೇ ಸಿಕ್ಕಿತು. ಅದನ್ನು ತಯಾರಿಸುತ್ತಿದ್ದವರ ಬಾಗಿಲಿಗೆ ಬೀಗ ಬಿತ್ತು. ಎಲ್ಲರೂ ಪಾರಾದರೆಂದೇನಲ್ಲ, ವಾಡಿಯವನು ಗಾಡಿಯಲ್ಲಿ ಈಗ ನಿಜಕ್ಕೂ ಬಜ್ಜಿ ಮಾಡುತ್ತಾನೆ, ಚೆನ್ನಾಗಿಯೇ ಮಾಡುತ್ತಾನೆ. ಶಹಾಬಾದಿನ ಅಂಗಡಿ ಅರ್ಧಕ್ಕರ್ಧ ಖಾಲಿಯಾಗಿದೆ, ಆದರೆ ಮುಚ್ಚಿಲ್ಲ. ಅಕ್ಕನ ಯಂತ್ರ ನಡೆಯುತ್ತಿದೆ. ಪೊಟ್ಟಣದ ಮೇಲೆ ಅವಳ ಹೆಸರು, ತಾರೀಖು ಅಚ್ಚಾಗಿದೆ.

ಆದರೆ ನಾನು ಹೇಳಬೇಕಾದದ್ದು ಆ ಸಭೆ ಮುಗಿಸಿಕೊಂಡು ಮಧ್ಯಾಹ್ನದ ಬಸ್ಸಿನಲ್ಲಿ ಸೇಡಮ್ಮಿಗೆ ವಾಪಸಾಗುತ್ತಿದ್ದಾಗಿನ ಮಾತು. ಮಾಮ ಕಿಟಕಿಯ ಪಕ್ಕ ಕುಳಿತಿದ್ದರು. ಹೊರಗೆ ತೊಗರಿಯ ಹೊಲಗಳು ಹಳದಿ ಹೂ ಬಿಟ್ಟಿದ್ದವು. ನಾನು ಚೇಷ್ಟೆಗೆಂದೇ ಕೇಳಿದೆ:

"ಮಾಮಾ, ಆ ಪುಡಿ ನೀವು ಮೂಸಿ ಸೈತ ನೋಡ್ಲಿಲ್ಲ. ಅದರಾಗ ಗುಳಿಗಿ ಅದ ಅಂತ ಹ್ಯಾಂಗ ಗೊತ್ತಾತು?"

ಅವರು ಹೊರಗೇ ನೋಡುತ್ತಿದ್ದರು.

"ಅಂಥಾದ್ದೇ ಪುಡಿ ನಿಮ್ಮತ್ತಿಗಿ ಎರಡು ವರ್ಷ ಕೊಟ್ಟೀನಿ. ಅಂಗಡಿ ಹೊಸದಾಗಿ ಇಟ್ಟಾಗ. ಮೊಣಕಾಲು ಬ್ಯಾನಿ ಇತ್ತಲ್ಲ ಅಕಿಗಿ. ನಾನೇ ದಿನಾ ಜೇನಿನಾಗ ಕಲಸಿ ಕೊಡ್ತಿದ್ದೆ. ಹತ್ತ್ ನಿಮಿಷದಾಗ ಎದ್ದು ಓಡಾಡ್ತಿದ್ಲು. ನನಗ ಎಷ್ಟ್ ಖುಷಿ ಅಂತೀ! ಆಮ್ಯಾಲ ಮುಖ ಊದಿತು, ಕಾಲು ಊದಿತು. ಕಲಬುರಗಿ ದವಾಖಾನ್ಯಾಗ ಡಾಕ್ಟರ್ ಕೇಳಿದ್ರು, ಗುಳಿಗಿ ಅರದು ಹಾಕಿದ ಪುಡಿ ಏನರೆ ಕೊಟ್ಟೀರೇನು ಅಂತ. ನಾ ಏನೂ ಕೊಟ್ಟಿಲ್ರಿ ಅಂದೆ. ಅಂಗಡಿ ಇಟ್ಟಾಂವ, ಮರ್ಯಾದಿ ಹೋಗ್ತದಂತ."

ಅತ್ತೆ ತೀರಿಕೊಂಡು ಎಷ್ಟೋ ವರ್ಷಗಳಾಗಿದ್ದವು. ಮೂತ್ರಪಿಂಡದ ಕಾಯಿಲೆ ಎಂದಷ್ಟೇ ನಮಗೆಲ್ಲ ಗೊತ್ತಿತ್ತು. ಬಸ್ಸು ಒಂದು ಊರಿನಲ್ಲಿ ನಿಂತಿತು. ಯಾರೋ ಇಳಿದರು, ಯಾರೋ ಹತ್ತಿದರು.

"ಅಕಿಗಿ ಖರೇ ಹೇಳ್ಬೇಕಂತ ಮಂಚದ ಬಾಜೂಕ ಕುಂತಿದ್ದೆ" ಎಂದರು ಮಾಮ. "ಹೇಳೋದರಾಗ ಅಕೀನೇ ನನ್ನ ಕೈ ಹಿಡ್ಕೊಂಡು, 'ನಿಮ್ಮ ಕೈಗುಣ ಭಾಳ ಚಲೋ ಅದ ನೋಡ್ರಿ, ಎರಡು ವರ್ಷ ನನ್ನ ನಡದಾಡಂಗ ಮಾಡಿದ್ರಿ' ಅಂದ್ಲು."

ಅವರ ಕೈ ಮುಂದಿನ ಸೀಟಿನ ಕಂಬಿಯ ಮೇಲಿತ್ತು. ನಾನು ಅದನ್ನು ಹಿಡಿದುಕೊಂಡೆ. ಸೇಡಂ ಬರುವತನಕ ಬಿಡಲಿಲ್ಲ.