ಅಕ್ಷತೆ ಬಿದ್ದ ಮೇಲೆ ಶುರುವಾದ ಪ್ರೇಮಕಥೆ

ವಳಸಂಗದ ಕಿರಾಣಿ ಅಂಗಡಿ ಸೋಮನಿಂಗಪ್ಪನ ಹೆಂಡತಿ ನಂದಾ ಯಾವ ಪುಸ್ತಕವನ್ನೇ ಆಗಲಿ ಕೊನೆಯ ಪುಟದಿಂದ ಓದುತ್ತಾಳೆ ಎಂಬ ಸುದ್ದಿ ಆ ಸುತ್ತಿನಲ್ಲೆಲ್ಲ ಚಲಾವಣೆಯಲ್ಲಿದೆ. ಎಂ.ಎ. ಆದವರು ಓದುವ ಕ್ರಮವೇ ಹಾಗಂತೆ. ಮುಂದಿನಿಂದ ಓದುವುದೇನಿದ್ದರೂ ಹತ್ತನೆಯ ಇಯತ್ತೆಯವರೆಗೆ ಮಾತ್ರವಂತೆ. ಈ ಸುದ್ದಿ ನೆರೆಯೂರು ಮುಚ್ಚಂಡಿ ಮುಟ್ಟುವಷ್ಟರಲ್ಲಿ ನಂದಾಳಿಗೆ ದಪ್ಪ ಕನ್ನಡಕ ಬಂದಿತ್ತು. ತಿಕೋಂಡಿ ಮುಟ್ಟುವಷ್ಟರಲ್ಲಿ ಅವಳ ಕೈಯ ಪುಸ್ತಕ ತಲೆಕೆಳಗಾಗಿತ್ತು.

ಇದು ಅಪ್ಪಟ ಸುಳ್ಳು. ನಂದಾ ಪುಸ್ತಕವನ್ನು ಮೊದಲ ಪುಟದಿಂದಲೇ ಓದುತ್ತಾಳೆ. ಮೊದಲ ಪುಟವೇನು, ಅದಕ್ಕೂ ಮುಂಚಿನ ಅರ್ಪಣೆ, ಅರಿಕೆ, ಮುನ್ನುಡಿ, ಕಡೆಗೆ ಮುದ್ರಕರ ವಿಳಾಸವನ್ನು ಕೂಡ ಬಿಡದೆ ಓದುವ ಶಿಸ್ತಿನ ಹೆಣ್ಣುಮಗಳು. ಸುದ್ದಿ ಹುಟ್ಟಿದ್ದು ಅವಳ ಓದಿನಿಂದಲ್ಲ, ಊರಿನ ಹುಡುಗ ಹುಡುಗಿಯರಿಗೆ ಓದು ಹಚ್ಚುತ್ತೇನೆಂದು ಅವಳು ತೊಟ್ಟ ಪಣದಿಂದ.

೧೯೯೭ರಲ್ಲಿ ಧಾರವಾಡದಿಂದ ಕನ್ನಡ ಎಂ.ಎ. ಪದವಿಯನ್ನೂ ತವರಿನಿಂದ ಗಾಜಿನ ಬಾಗಿಲಿನ ಕಪಾಟನ್ನೂ ತಂದುಕೊಂಡು ಸೊಸೆಯಾಗಿ ಬಂದವಳು, ಆ ಕಪಾಟನ್ನು ಪಡಸಾಲೆಯಲ್ಲಿ ನಿಲ್ಲಿಸಿ, ಪುಸ್ತಕ ತುಂಬಿ, ಗಂಡನೆದುರು ಘೋಷಿಸಿದಳು:

"ವೈದ್ಯ ನಾಡಿ ಹಿಡದು ಗುಳಿಗಿ ಕೊಡ್ತಾನ. ನಾನು ವಯಸ್ಸು ನೋಡಿ ಪುಸ್ತಕ ಕೊಡ್ತೀನಿ. ಒಂದ ವರ್ಷದಾಗ ಈ ಊರಾಗ ಓದದ ಹುಡುಗರು ಇರಬಾರದು."

ಸೋಮನಿಂಗಪ್ಪ ಬೆಲ್ಲದ ಪೆಂಟಿ ಒಡೆಯುತ್ತಿದ್ದ. "ಗುಳಿಗಿ ನುಂಗದವರಿಗೆ ಸೂಜಿನೂ ಮಾಡ್ತೀ ಏನು?" ಎಂದ.

"ನೀವು ಚ್ಯಾಷ್ಟಿ ಮಾಡ್ರಿ. ನೋಡ್ತಿರ್ರಿ."

ಅತ್ತೆ ಗುರವ್ವನ ಕಣ್ಣೂ ಕಪಾಟಿನ ಮೇಲೆಯೇ ಇತ್ತು. ಆದರೆ ಒಳಗಿನ ಪುಸ್ತಕಗಳ ಮೇಲಲ್ಲ. ಆ ಕಪಾಟಿನ ಒಂದೊಂದು ಅರೆಯೂ ತನ್ನ ಉಪ್ಪಿನಕಾಯಿ ಭರಣಿಗಳ ಅಳತೆಗೇ ಹುಟ್ಟಿದೆ ಎಂಬುದು ಅವಳ ಸಿದ್ಧಾಂತ. "ಇರಲಿ, ಇಟ್ಕೊ," ಎಂದಳು. "ಆದ್ರ ಲಗ್ನ ಆಗದ ಹುಡುಗ್ಯಾರ ಕೈಯಾಗ ಲವ್ವಿನ ಪುಸ್ತಕ ಒಂದ ಕಂಡ್ರೂ ನಿನ್ನ ಪುಸ್ತಕ ಅಟ್ಟಕ್ಕ, ನನ್ನ ಭರಣಿ ಕಪಾಟಿಗೆ. ಈಗ ಹೇಳೀನಿ ಮತ್ತ."

ಮೊದಲ ರೋಗಿಯಾಗಿ ಬಂದವನು ಹತ್ತನೆಯ ಇಯತ್ತೆಯ ಭೀಮರಾಯ, ಶಾಲಾ ಕಮಿಟಿಯ ಅಧ್ಯಕ್ಷ ಶಿವಯೋಗೆಪ್ಪನ ಮಗ. ನಂದಾ ಅವನಿಗೆ ಕಾವ್ಯಮೀಮಾಂಸೆಯ ಒಂದು ಭಾರೀ ಗ್ರಂಥವನ್ನು ಕೊಟ್ಟಳು. ಮರುದಿನವೇ ಅದು ಮರಳಿ ಬಂತು.

"ಭಾಳ ಚಲೋ ಐತ್ರಿ ವೈನಿ. ನಾ ಓದಿಲ್ಲ. ಅಪ್ಪ ತಲಿಗೆ ಇಟ್ಕೊಂಡು ಮಲಗಿದ್ದ, ಕುತ್ತಿಗಿ ನೋವು ಹೋತಂತ್ರಿ."

ಎರಡನೆಯವಳು ನೆರೆಮನೆಯ ಅಮೀನಾಬಿಯ ಮೊಮ್ಮಗಳು ಯಾಸ್ಮಿನ. ಅವಳು ಕಪಾಟಿನ ಮೂರೂ ಅರೆಗಳನ್ನು ಕಣ್ಣಿನಿಂದಲೇ ಗುಡಿಸಿ, ದನಿ ಇಳಿಸಿ ಕೇಳಿದಳು: "ವೈನಿ, ಇದರಾಗ ಪ್ರೀತಿ ಗೀತಿ ಏನರ ಐತೇನ್ರಿ?"

ನಂದಾ ಬೆಚ್ಚಲಿಲ್ಲ, ಆಧುನಿಕ ಮನಸ್ಸಿನವಳು. ಹದಿಹರೆಯದವರಿಗೆ ಪ್ರೇಮಕಥೆಯನ್ನು ನಿರಾಕರಿಸುವುದೆಂದರೆ ನೀರಡಿಸಿದವರ ಎದುರು ನೀರಿನ ಮಹತ್ವ ಕುರಿತು ಉಪನ್ಯಾಸ ಮಾಡಿದಂತೆ ಎಂದು ತನಗೆ ತಾನೇ ಒಂದು ಉಪನ್ಯಾಸ ಮಾಡಿಕೊಂಡಳು. ಪುಸ್ತಕ ಬೇಕೆಂದು ತಾಲೂಕಿನೂರು ಜತ್ತಕ್ಕೆ ಬಸ್ಸು ಹತ್ತಿ ಹೋಗುವ ಸ್ವಾತಂತ್ರ್ಯ ಆಗ ಊರಿನ ಹುಡುಗಿಯರಿಗೆ ಇರಲಿಲ್ಲ. ಅವರ ಪಾಲಿಗೆ ಕಥೆಯೆಂಬುದು ಇದ್ದರೆ ಈ ಕಪಾಟಿನಲ್ಲಿ ಇರಬೇಕು, ಇಲ್ಲದಿದ್ದರೆ ಇಲ್ಲ. ಕಪಾಟೂ ಉಳಿಯಬೇಕು, ಪ್ರೇಮವೂ ಬೆಳೆಯಬೇಕು!

ಪ್ರೇಮದ ಗಣಿ ಮನೆಯಲ್ಲಿಯೇ ಇತ್ತು. ಸಾಮಾನು ಕಟ್ಟಿಕೊಡಲು ಸೋಮನಿಂಗಪ್ಪ ವಿಜಾಪುರದಿಂದ ತರಿಸುತ್ತಿದ್ದ ರದ್ದಿಯಲ್ಲಿ ಹಳೆಯ ವಾರಪತ್ರಿಕೆಗಳ ರಾಶಿ. ಒಂದರಲ್ಲಿ ಧಾರಾವಾಹಿ: ಕಾಲೇಜು ಹುಡುಗನ ಸೈಕಲ್ಲು ಹುಡುಗಿಗೆ ಡಿಕ್ಕಿ ಹೊಡೆಯುವಲ್ಲಿಂದ ಮೊದಲಾಗಿ, ಕಣ್ಣೋಟ, ಪತ್ರ, ಮುನಿಸು, ಹಿರಿಯರ ಜಗಳಗಳನ್ನೆಲ್ಲ ದಾಟಿ ಮದುವೆಗೆ ಮುಟ್ಟುವ ಕಥೆ. ಇನ್ನೊಂದರಲ್ಲಿ ಹುಡುಗರು ಬಾಯಿಬಿಟ್ಟು ನೋಡುವಂಥ ಕಳ್ಳ ಪೊಲೀಸರ ಚಿತ್ರಕಥೆ. ನಂದಾ ವಾರವಾರದ ಹಾಳೆಗಳನ್ನು ಕಿತ್ತು ಕ್ರಮವಾಗಿ ಜೋಡಿಸತೊಡಗಿದಳು. ಮುನಿಸಿನ ಕಂತು ಜೀರಿಗೆಯ ಪೊಟ್ಟಣವಾಗಿ ಆಗಲೇ ಅಂಗಡಿ ದಾಟಿತ್ತು. ಬೆನ್ನಟ್ಟಿ ಹೋಗಿ ಬಿಡಿಸಿಕೊಂಡು ಬಂದಳು.

ಸೋಮನಿಂಗಪ್ಪ ತಕ್ಕಡಿ ಹಿಡಿದು ನಿಂತ. "ಅರ್ಧ ಕಿಲೋ ಶೇಂಗಾ ಯಾವದರಾಗ ಕಟ್ಟಲಿ? ನಿನ್ನ ನಾಯಕಿ ಸೆರಗಿನಾಗೇನು?"

"ನಾಯಕಿ ತಂಟೆಕ್ಕ ಬರಬ್ಯಾಡ್ರಿ. ರಾಜಕಾರಣದ ಪುಟದಾಗ ಕಟ್ರಿ. ಅಲ್ಲೆ ಹೆಂಗೂ ಓದೂವಂಥಾದ್ದು ಏನಿಲ್ಲ."

ಎರಡೂ ಕಟ್ಟುಗಳು ಜತ್ತದ ಹಾಜಿಮಲಂಗ ಚಾಚಾನ ಬೈಂಡಿಂಗ್ ಅಂಗಡಿಗೆ ಹೋದವು. ಮಿರಜದ ಉರ್ದು ಛಾಪಖಾನೆಯಲ್ಲಿ ಕೆಲಸ ಕಲಿತ ಕೈ ಅದು. ಅವನು ಕಟ್ಟಿದ ಪುಸ್ತಕವನ್ನು ಎತ್ತಿ ಒಗೆದರೂ ಹಾಳೆ ಕದಲುತ್ತಿರಲಿಲ್ಲ. ಕನ್ನಡ ಅವನ ಬಾಯಿಯಲ್ಲಿ ಸರಾಗವಾಗಿತ್ತು, ಕಣ್ಣಿಗೆ ಮಾತ್ರ ಪರಿಚಯವಿರಲಿಲ್ಲ. ನಂದಾ ಒಂದು ಜಾಣತನ ಮಾಡಿದಳು. "ರಟ್ಟಿನ ಮ್ಯಾಲ ಹೆಸರು ಬ್ಯಾಡ ಚಾಚಾ. ಎರಡೂ ಕಡಿ ಬರೇ ನೀಲಿ," ಎಂದಳು. ಹೆಸರೇ ಇಲ್ಲದ ಮೇಲೆ ಹಿರಿಯರು ಯಾವುದಕ್ಕೆ ಹೆಸರಿಟ್ಟಾರು? ತನ್ನ ಯುಕ್ತಿಯನ್ನು ತಾನೇ ಮೆಚ್ಚಿಕೊಂಡು ಬಸ್ಸು ಹತ್ತಿದಳು.

ಆ ವಾರ ಚಾಚಾನ ಮುಂದೆ ಬಲದಿಂದ ಎಡಕ್ಕೆ ಓದುವ ಮದರಸಾದ ಪುಸ್ತಕಗಳ ದೊಡ್ಡ ಅಟ್ಟಿಯಿತ್ತು. ಹೆಸರಿಲ್ಲದ ಈ ಎರಡು ಕಟ್ಟುಗಳೂ ಅದೇ ಸಾಲಿಗೆ ಸೇರಿ, ಅವುಗಳಂತೆಯೇ ಬಲಗಡೆಗೆ ಹೊಲಿಗೆ ಹಾಕಿಸಿಕೊಂಡವು.

ಪುಸ್ತಕಗಳು ಕಂಡಕ್ಟರನ ಕೈಯಲ್ಲಿ ವಳಸಂಗಕ್ಕೆ ಬಂದ ಗಳಿಗೆಯಲ್ಲಿ ಅಂಗಡಿಯ ಕಟ್ಟೆಯ ಮೇಲೆ ಶಿವಯೋಗೆಪ್ಪ ಕುಳಿತಿದ್ದ. "ತರ್ರಿಲ್ಲೆ. ಊರ ಹುಡುಗರು ಏನ ಓದ್ತಾರ, ಕಮಿಟಿ ನೋಡಬೇಕಲ್ಲ?" ಎಂದವನೇ ಎರಡನ್ನೂ ಕಂಕುಳಲ್ಲಿ ಇರುಕಿಕೊಂಡು ಪಡಸಾಲೆಗೆ ಬಂದ. ಗುರವ್ವ ಚಾಪೆ ಹಾಸಿದಳು. ಹಾಸುತ್ತಲೇ ಒಮ್ಮೆ ಕಪಾಟಿನತ್ತ ನೋಡಿದಳು. ಯಾವ ಭರಣಿ ಯಾವ ಅರೆಗೆ ಎಂಬುದು ಅವಳ ಮನಸ್ಸಿನಲ್ಲಿ ನಿರ್ಧಾರವಾಗಿ ಹೋಗಿತ್ತು.

ಮೊದಲ ಪುಟದ ಚಿತ್ರ ನಂದಾಳಿಗೆ ಬಾಯಿಪಾಠ: ನೆಲಕ್ಕೆ ಬಿದ್ದ ಹುಡುಗಿಯ ಕೈಹಿಡಿದು ಎಬ್ಬಿಸುತ್ತಿರುವ ಹುಡುಗ. ಇಬ್ಬರಿಗೂ ಎದ್ದೇಳುವ ಅವಸರ ಇದ್ದಂತಿರಲಿಲ್ಲ.

ಶಿವಯೋಗೆಪ್ಪ ಬೆರಳಿಗೆ ಉಗುಳು ಹಚ್ಚಿಕೊಂಡು, ಕನ್ನಡ ಪುಸ್ತಕ ತೆರೆಯುವಂತೆಯೇ ರಟ್ಟು ಸರಿಸಿ, ಗಟ್ಟಿಯಾಗಿ ಓದಿದ: "ಹಿರಿಯರೆಲ್ಲ ಹರಸಿ ಅಕ್ಷತೆ ಹಾಕಿದರು. ಮುಗಿಯಿತು."

ಗುರವ್ವ ಕಪಾಟಿನಿಂದ ಕಣ್ಣು ಕಿತ್ತು ಪುಸ್ತಕದತ್ತ ನೋಡಿದಳು.

"ಚಲೋ ಆತು," ಎಂದ ಶಿವಯೋಗೆಪ್ಪ. "ಮೊದಲನೇ ಪುಟದಾಗ ಮದುವಿ ಮುಗಿಸ್ಯಾರ. ಹಿಂಗ ಇರಬೇಕು ನೋಡ್ರಿ ಕಥಿ. ಕುತ್ತಿಗ್ಗೆ ತಾಳಿ ಬಿದ್ದ ಮ್ಯಾಲ ಅವರು ಏನರ ಮಾತಾಡ್ಕೊಳ್ಳಿ, ಅದು ಅವರ ಸಂಸಾರ." ಚಿತ್ರಕಥೆಯನ್ನೂ ತೆರೆದ. ಕಳ್ಳರಿಗೆಲ್ಲ ಬೇಡಿ ಬಿದ್ದಿತ್ತು. "ಇದೂ ಚಲೋ. ಸುರುವಾತಿಗೇ ನ್ಯಾಯ ಐತಿ."

ಗುರವ್ವ ನಿರಾಶೆಯಿಂದ ಚಾಪೆ ಸುತ್ತಿದಳು. ಶಿವಯೋಗೆಪ್ಪ ಹೊಸ್ತಿಲು ದಾಟುತ್ತಲೇ ನಂದಾ ಪುಸ್ತಕವನ್ನು ತಿರುಗಿಸಿ ಮುರುಗಿಸಿ ನೋಡಿದಳು. ಬೆನ್ನು ಬಲಕ್ಕಿತ್ತು. ಆದಿ ಅಂತ್ಯದಲ್ಲಿತ್ತು. ಅವಳ ಎಂ.ಎ. ಗಿರ್ರನೆ ತಿರುಗಿತು.

ಮುಂದಿನ ಸಂತೆಯ ದಿನ ಜತ್ತಕ್ಕೆ ಧಾವಿಸಿದಳು. "ಚಾಚಾ, ಇದನ್ನ ಉಲ್ಟಾ ಕಟ್ಟೀರಿ."

"ಉಲ್ಟಾ? ಕೊಡ್ರಿ, ನೋಡೂನು." ಚಾಚಾ ಬಲಕ್ಕೆ ತೆರೆದು ತೋರಿಸಿದ. ಹುಡುಗ, ಹುಡುಗಿ, ಸೈಕಲ್ಲು ಎಲ್ಲ ತಂತಮ್ಮ ಜಾಗದಲ್ಲಿದ್ದವು. "ಸೀದಾ ಐತಲ್ರಿ ಬಾಯಾರ. ನೀವು ಹಿತ್ತಲ ಬಾಗಲಿಂದ ಮನಿ ಹೊಕ್ಕು, ಮೊದಲ ಬಚ್ಚಲ ಯಾಕ ಬಂತು ಅಂದ್ರ ಹ್ಯಾಂಗ? ಆದ್ರೂ ಇರಲಿ. ನಿಮ್ಮ ಕಡಿ ಹಂಗಲ್ಲ ಅಂದ್ರ ಬಿಚ್ಚಿ ಕಟ್ಟಿಕೊಡ್ತೀನಿ."

ನಂದಾ ಯೋಚಿಸಿದಳು. ಬಿಚ್ಚಿ ಕಟ್ಟಿದರೆ ಸಾಹಿತ್ಯಕ್ಕೆ ನ್ಯಾಯ; ಕಪಾಟಿಗೆ ಉಪ್ಪಿನಕಾಯಿ. ಕೃತಿಯ ಬಂಧದ ಸಮಗ್ರತೆಯ ಕುರಿತು ಧಾರವಾಡದಲ್ಲಿ ಪ್ರಬಂಧ ಮಂಡಿಸಿದ್ದ ಆ ವಿದುಷಿ, ಚೀಲದಿಂದ ಇನ್ನೊಂದು ಧಾರಾವಾಹಿಯ ಕಟ್ಟನ್ನು ತೆಗೆದು ಮೆಲ್ಲಗೆ ಚಾಚಾನ ಮುಂದಿಟ್ಟಳು.

"ಇದು ಹ್ಯಾಂಗ ಕಟ್ಟಲಿ?"

"ಇದನ್ನೂ ಹಂಗ ಕಟ್ರಿ."

ಅಲ್ಲಿಂದ ವಳಸಂಗದಲ್ಲಿ ಪ್ರೇಮವು ಅಕ್ಷತೆಯಿಂದ ಆರಂಭವಾಗತೊಡಗಿತು. ಹುಡುಗಿಯರು ಹಾಡುಹಗಲೇ ನೀಲಿ ಪುಸ್ತಕ ಹಿಡಿದು ಓಡಾಡಿದರು. ಯಾವ ತಾಯಿ ತೆರೆದು ನೋಡಿದರೂ ಒಳಗೆ ಮದುವೆ. ಇದೇಕೆ ಹೀಗೆ ಎಂದು ಅನುಮಾನಿಸಿದವರಿಗೆ ಸೋಮನಿಂಗಪ್ಪ ಅಂಗಡಿಯಲ್ಲಿ ಕುಳಿತೇ ಸಮಾಧಾನ ಹೇಳಿದ: "ಎಂ.ಎ. ಓದು ಹಂಗ ಇರತೈತ್ರಿ." ಭೀಮರಾಯ ಚಿತ್ರಕಥೆಯನ್ನು ಮರಳಿ ತಂದು ಮೊದಲ ಬಾರಿಗೆ ವಿಮರ್ಶೆ ಮಾಡಿದ. "ಇದರಾಗ ಮೊದಲ ಹೊಡತ ಬೀಳ್ತಾವ, ಆಮ್ಯಾಲ ಕಳವು ಆಗತೈತ್ರಿ ವೈನಿ. ನಮ್ಮ ಸಾಲ್ಯಾಗೂ ಹಂಗ ಐತಿ. ಇನ್ನೊಂದು ಕೊಡ್ರಿ."

ಎಲ್ಲಕ್ಕಿಂತ ಸೋಜಿಗವೆಂದರೆ ಗುರವ್ವ. ಓದು ಬಾರದ ಅವಳು ಮಧ್ಯಾಹ್ನ ಅಮೀನಾಬಿಯನ್ನು ಪಕ್ಕದಲ್ಲಿ ಕೂಡಿಸಿಕೊಂಡು ಯಾಸ್ಮಿನಳಿಂದ ಪುಸ್ತಕ ಓದಿಸತೊಡಗಿದಳು. ಪುಟದ ಕೊನೆಯಲ್ಲಿ ವಾಕ್ಯ ತುಂಡಾದಲ್ಲೆಲ್ಲ ಯಾಸ್ಮಿನ ತಾನೇ ಒಂದು ಬಾಲ ಹಚ್ಚಿ ಮುಂದೆ ಹೋಗುತ್ತಿದ್ದಳು. ಮದುವೆಯಾಯಿತು. ಆಮೇಲೆ ಹಿರಿಯರು ಜಗಳಾಡಿದರು. ಆಮೇಲೆ ಗಂಡಹೆಂಡಿರು ಮುನಿಸಿಕೊಂಡರು. ಮಾತು ನಿಂತು ಪತ್ರಕ್ಕೆ ಬಂತು. ಪತ್ರವೂ ನಿಂತು ಬರೀ ದೂರದಿಂದ ನೋಡುವುದಾಯಿತು. ಕಟ್ಟಕಡೆಗೆ ಅವಳು ಅವನಿಗೆ, "ಯಾರು ನೀವು? ಕಣ್ಣು ಕಾಣಿಸುವುದಿಲ್ಲವೇ?" ಎಂದಳು. ಅಲ್ಲಿಗೆ ಪುಸ್ತಕ ಮುಗಿಯಿತು.

ಗುರವ್ವ ಕಣ್ಣೊರೆಸಿಕೊಂಡಳು. "ಖರೇ ಬರದಾರ ನೋಡು ಅಮೀನಾಬಿ. ಕಡೀಕಡೀಗೆ ನಾನೂ ನಮ್ಮ ಮನ್ಯಾರಿಗೆ ಇದನ್ನ ಅಂದಿದ್ದೆ."

"ನಮ್ಮವರು ನನಗ ಅಂದಿದ್ರು," ಎಂದಳು ಅಮೀನಾಬಿ.

ಬಾಗಿಲ ಮರೆಯಲ್ಲಿದ್ದ ನಂದಾ ರೋಮಾಂಚಿತಳಾದಳು. ಸಾಧಾರಣ ಪ್ರೇಮಕಥೆಯೊಂದು ಬಲಗಡೆಯ ಹೊಲಿಗೆಯಿಂದಾಗಿ ದಾಂಪತ್ಯದ ಮಹಾಕಾದಂಬರಿಯಾಗಿತ್ತು! ಇದರ ಮೇಲೊಂದು ಸಂಶೋಧನಾ ಪ್ರಬಂಧ ಬರೆಯುವ ಯೋಚನೆಯೂ ಮೊಳೆಯಿತು. ಅತ್ತೆಗೆ ಗೊತ್ತಿಲ್ಲದಂತೆ ಅತ್ತೆಯ ಅಭಿರುಚಿಯನ್ನು ತಿದ್ದಿದೆ, ಕಮಿಟಿಗೆ ಗೊತ್ತಿಲ್ಲದಂತೆ ಊರನ್ನು ಗೆದ್ದೆ ಎಂಬ ಹೆಮ್ಮೆಯಲ್ಲಿ ಅವಳ ನಡಿಗೆಯೇ ಬದಲಾಯಿತು. ಒಂದೇ ಕೊರಗು: ಪಾಪ, ಈ ಹುಡುಗಿಯರು ಪ್ರೀತಿಯನ್ನು ಹಿಂದುಮುಂದಾಗಿ ಕಲಿಯುತ್ತಿದ್ದಾರಲ್ಲ. ಯಾಸ್ಮಿನಳನ್ನಾದರೂ ಒಬ್ಬಳನ್ನೇ ಕರೆದು ಗುಟ್ಟು ಹೇಳಿಬಿಡಬೇಕು.

ಹೇಳಬೇಕೆಂದುಕೊಂಡ ದಿನ ಅಂಗಡಿಗೆ ಊಟದ ಬುತ್ತಿ ಕೊಟ್ಟು, ನಿನ್ನೆಯ ಖಾಲಿ ಡಬ್ಬಿ ಹಿಡಿದು ಎಂದಿಗಿಂತ ಲಗುಬಗೆಯಿಂದ ಮರಳಿದಳು. ಪಡಸಾಲೆಯಿಂದ ಅತ್ತೆಯ ದನಿ ಕೇಳಿಸಿತು.

"ಯಾಸ್ಮಿನಾ, ಇವತ್ತ ಆ ಕಡಿಂದ ಓದವಾ. ಸೈಕಲ್ ಡಿಕ್ಕಿ ಹೊಡೀತೈತಲ್ಲ, ಅದು ಇನ್ನೊಮ್ಮಿ ಬರಲಿ."

ನಂದಾ ಹೊಸ್ತಿಲಲ್ಲೇ ನಿಂತಳು.

"ದಿನಾ ಅದನ್ನ ಕೇಳ್ತೀ," ಎಂದಳು ಅಮೀನಾಬಿ. "ಪುಸ್ತಕ ಬಂದ ದಿನಾನ ಹೇಳಿದ್ನಿಲ್ಲೊ, ಇದು ನಮ್ಮ ಕಿತಾಬಿನಂಗ ಬಲಕ್ಕ ತೆರೀತೈತಿ ಅಂತ?"

"ಹೇಳಿದ್ದಿ ಅಂತನ ಎರಡೂ ಕಡಿಂದ ಕೇಳಾಕತ್ತೀನಿ. ಆ ಕಡಿಂದ ಕೇಳಿದ್ರ ಮನಸ್ಸಿಗೆ ಹಗುರ. ಈ ಕಡಿಂದ ಕೇಳಿದ್ರ ಬುದ್ಧಿ ಬರತೈತಿ."

"ನಾವು ಹುಡುಗ್ಯಾರೆಲ್ಲ ಆ ಕಡಿಂದನ ಓದೂದ್ರಿ ಅಜ್ಜಿ," ಎಂದಳು ಯಾಸ್ಮಿನ. "ಹಿರಿಯಾರು ಬಂದ್ರ ಅಷ್ಟ ಈ ಕಡಿಗೆ. ಈಗ ವೈನಿ ಬಂದ್ರ?"

"ಬಂದ್ರ ಲಗೂನ ತಿರಗಿಸಿ ಅಕ್ಕಿಕಾಳಿಂದ ಸುರು ಮಾಡು. ಆಕಿ ಎಂ.ಎ. ಕಲತಾಕಿ. ಇದು ತಪ್ಪು ಕಟ್ಟ್ಯಾರ ಅನ್ನೂದ ಇನ್ನೂ ಆಕಿಗೆ ತಿಳದಿಲ್ಲ. ಗೊತ್ತಾದ್ರ ಮನಸ್ಸಿಗೆ ಹಚ್ಚಿಕೊಂಡಾಳು, ಪಾಪ."

ನಂದಾ ಬಂದ ಹೆಜ್ಜೆಯಲ್ಲೇ ಅಂಗಳಕ್ಕೆ ಹಿಂದಿರುಗಿದಳು. ಬುತ್ತಿಯ ಡಬ್ಬಿಯನ್ನು ಸದ್ದಾಗುವಂತೆ ಬಳೆಗಳಿಗೆ ತಾಕಿಸುತ್ತ ಎರಡನೆಯ ಸಲ ಒಳಗೆ ಬಂದಳು. ಹಾಳೆಗಳು ಸರಸರನೆ ಮಗುಚಿದವು. ಯಾಸ್ಮಿನ ವಿಧೇಯಳಾಗಿ ಓದುತ್ತಿದ್ದಳು: "ಹಿರಿಯರೆಲ್ಲ ಹರಸಿ ಅಕ್ಷತೆ ಹಾಕಿದರು..."

"ಎಷ್ಟ ಚಲೋ ಬರದಾರ ನೋಡ ನಂದಾ," ಎಂದಳು ಗುರವ್ವ.

"ಹೌದ್ರಿ ಅತ್ತಿ," ಎಂದಳು ನಂದಾ.

ಇದಾಗಿ ಹತ್ತು ವರ್ಷದ ಮೇಲಾಯಿತು. ಕಪಾಟು ಪಡಸಾಲೆಯಲ್ಲಿಯೇ ಇದೆ. ಮೇಲಿನ ಎರಡು ಅರೆಗಳಲ್ಲಿ ಪುಸ್ತಕಗಳಿವೆ, ಕೆಳಗಿನದರಲ್ಲಿ ಉಪ್ಪಿನಕಾಯಿ ಇದೆ. ನೀಲಿ ಪುಸ್ತಕಗಳೆಲ್ಲ ಬಲಕ್ಕೇ ತೆರೆಯುತ್ತವೆ. ಸಂಶೋಧನಾ ಪ್ರಬಂಧ ಬರೆದಿಲ್ಲ. ಪುಸ್ತಕವನ್ನು ಹಿಂದಿನಿಂದ ಓದುತ್ತೀರಂತೆ ಹೌದೇನ್ರಿ ಎಂದು ಯಾರಾದರೂ ಕೇಳಿದರೆ ನಂದಾ ಹೌದೆನ್ನುತ್ತಾಳೆ.