ಭಾವನ ಜೀಪಿಗೆ ಅಡಿಪೈಪು

ಮಡಂತ್ಯಾರಿನ ಹೋಟೆಲು ಶೀನಪ್ಪ ಆ ಶುಕ್ರವಾರ ಬೆಳಿಗ್ಗೆ ಗೋಳಿಬಜೆಯ ಹಿಟ್ಟಿಗೆ ಎರಡು ಸಲ ಉಪ್ಪು ಹಾಕಿದ. ಕಾರಣ ದೊಡ್ಡದೇನಲ್ಲ, ಒಂದು ನೆಗ್ಗು. ಅಂಗೈಯಗಲದ ನೆಗ್ಗು. ಆದರೆ ಅದು ಬಿದ್ದದ್ದು ಭಾವ ಸುಬ್ಬಯ್ಯನ ಜೀಪಿಗೆ. ಆ ಸುಬ್ಬಯ್ಯ ಅದೇ ದಿನ ಸಂಜೆ ನಾಲ್ಕು ಗಂಟೆಗೆ ಬಹರೈನಿನಿಂದ ಬಂದು ಬಜಪೆ ವಿಮಾನ ನಿಲ್ದಾಣದಲ್ಲಿ ಇಳಿಯುವವನಿದ್ದ, ಕರೆತರಲು ಅದೇ ಜೀಪು ಹೋಗಬೇಕಿತ್ತು.

ಸುಬ್ಬಯ್ಯ ಎಂದರೆ ಶೀನಪ್ಪನ ಹೆಂಡತಿ ಪ್ರೇಮಾವತಿಯ ಅಣ್ಣ. ಜೀಪು ಅವನದು, ಜೀಪು ನಿಲ್ಲಿಸಿದ ಶೆಡ್ಡು ಅವನದು, ಶೀನಪ್ಪ ಹದಿನಾಲ್ಕು ವರ್ಷದಿಂದ ಹೋಟೆಲು ನಡೆಸುತ್ತಿದ್ದ ಪೇಟೆಯ ಕೋಣೆಯೂ ಅವನದೇ. ಹೋಗುವಾಗ ಅವನು ಹೇಳಿ ಹೋದದ್ದು ಎರಡೇ ಮಾತು. ವಾರಕ್ಕೊಮ್ಮೆ ಸ್ಟಾರ್ಟ್ ಮಾಡಿ ಗೇಟಿನವರೆಗೆ ಹೋಗಿ ಹಿಂದೆ ಬರಬೇಕು. ಜೀಪಿಗೆ ಒಂದು ಗೀರು ಬಿದ್ದರೆ ಕೋಣೆ ಖಾಲಿ ಮಾಡಬೇಕು.

ಒಂದೂವರೆ ವರ್ಷ ಶೀನಪ್ಪ ಗೇಟು ದಾಟಲಿಲ್ಲ. ಮೊನ್ನೆ ಬುಧವಾರ ಹೋಟೆಲಿಗೆ ಸೌದೆ ಮುಗಿಯಿತು, ಟೆಂಪೋದವನು ಕೈಕೊಟ್ಟ, ಗುಡ್ಡೆಯಲ್ಲಿ ಸೌದೆ ಕಡಿದಿಟ್ಟು ಒಂದು ವಾರವಾಗಿತ್ತು. ಒಂದೇ ಒಂದು ಸಲ ಎಂದು ಹೋದ. ತೋಡಿನ ಬದಿಯಲ್ಲಿ ಇಳಿಯುವಾಗ ಒಂದು ಕಲ್ಲು ಜೀಪಿನ ಎಡಗಡೆ, ಕಾಲಿಟ್ಟು ಹತ್ತುವಲ್ಲಿಯೇ, ಬಾಡಿಯನ್ನು ಒಳಕ್ಕೆ ಒತ್ತಿಬಿಟ್ಟಿತು. ಸಗಣಿ ಮೆತ್ತಿ ನೋಡಿದ, ಗೋಣಿ ಹೊದಿಸಿ ನೋಡಿದ. ನೆಗ್ಗು ನೆಗ್ಗೇ.

“ಅಣ್ಣನ ಕಣ್ಣು ಮೊದಲು ಜೀಪಿನ ಮೇಲೆ, ಆಮೇಲೆ ನನ್ನ ಮೇಲೆ,” ಎಂದು ಪ್ರೇಮಾವತಿ ಕಣ್ಣೊರೆಸಿಕೊಂಡಳು. “ಕೋಣೆ ಹೋದರೆ ನಾವು ಏನು ತಿನ್ನುವುದು ಹೇಳಿ?”

ಶೀನಪ್ಪ ಉಪ್ಪಾದ ಹಿಟ್ಟಿಗೆ ಇನ್ನಷ್ಟು ಮೈದಾ ಸುರಿದ. ಅವನಿಗೆ ನಿಜಕ್ಕೂ ಹೆದರಿಕೆಯಾಗಿತ್ತು.

ಆಗ ಬಜೆ ತಿನ್ನಲು ಬಂದವನು ಫರಂಗಿಪೇಟೆಯ ಹಿಶಾಮ್. ಟೈಲ್ಸ್ ವ್ಯಾಪಾರ ಹೆಸರಿಗೆ ಮಾತ್ರ, ಅವನ ಜೀವ ಇದ್ದದ್ದು ಜೀಪುಗಳಲ್ಲಿ. ಮಳೆಗಾಲದ ಕೆಸರಿನಲ್ಲಿ ಜೀಪು ಓಡಿಸುವ ಸ್ಪರ್ಧೆ ಎಲ್ಲಿದ್ದರೂ ಹೋಗಿ, ಓಡಿಸುವವರಿಗಿಂತ ಹೆಚ್ಚು ಮಾತಾಡಿ ಬರುವವನು. ಸಂಗತಿ ಕೇಳಿ, ಹೋಟೆಲಿನ ಹಿಂದೆ ನಿಲ್ಲಿಸಿದ್ದ ಜೀಪಿನ ಹತ್ತಿರ ಹೋಗಿ ನೆಗ್ಗಿಗೆ ಬೆರಳಿಟ್ಟು ನೋಡಿದ.

“ಶೀನಪ್ಪಣ್ಣ, ಇದಕ್ಕೆ ತಲೆಬಿಸಿ ಯಾಕೆ? ರಾಕ್ ಸ್ಲೈಡರ್ ಹಾಕುವ.”

“ಅದು ಎಂತದು?”

“ಜೀಪಿನ ಎರಡೂ ಪಕ್ಕ, ಅಡಿಯಲ್ಲಿ, ಒಂದೊಂದು ದಪ್ಪ ಪೈಪು. ಕಲ್ಲು ಬಂದರೆ ಬಾಡಿಗೆ ತಾಗುವುದಿಲ್ಲ, ಪೈಪಿನ ಮೇಲೆಯೇ ಜೀಪು ಜಾರಿ ಮುಂದೆ ಹೋಗ್ತದೆ.”

“ಕಲ್ಲು ತಾಗಿ ಆಯ್ತಲ್ಲ ಮಾರಾಯ.”

“ಇನ್ನು ತಾಗದ ಹಾಗೆ ಹಾಕಿಸಿದ್ದು ಅಂತ ಭಾವನಿಗೆ ಹೇಳುವ. ಪೈಪಿನ ಹಿಂದೆ ನೆಗ್ಗು ಯಾರಿಗೆ ಕಾಣ್ತದೆ?”

ಮುಳುಗುವವನಿಗೆ ಹುಲ್ಲುಕಡ್ಡಿ ಸಿಕ್ಕಿದರೆ ಅದು ಯಾವ ಜಾತಿಯ ಹುಲ್ಲು ಎಂದು ನೋಡುತ್ತಾನೆಯೇ? ಶೀನಪ್ಪ ಬಾಣಲೆ ಇಳಿಸಿ, ಪ್ರೇಮಾವತಿಯ ಕೈಗೆ ಸಟ್ಟುಗ ಕೊಟ್ಟು ಹೊರಟ. ಬೆಳ್ತಂಗಡಿಯಲ್ಲಿ ವೆಲ್ಡಿಂಗ್‌ನವರು ಬೇಕಾದಷ್ಟಿದ್ದರು. ಆದರೆ ಸುಬ್ಬಯ್ಯನ ಜೀಪೆಂದು ಎಲ್ಲರಿಗೂ ಗೊತ್ತು, ಗಂಟೆಯೊಳಗೆ ಸುದ್ದಿ ಊರಿಡೀ ಆಗುತ್ತದೆ. ಹಾಗಾಗಿ ವೇಣೂರು ದಾರಿಯಾಗಿ ಮೂಡಬಿದಿರೆಗೆ, ಹಿಶಾಮನ ಪರಿಚಯದ ಹಸನಬ್ಬನ ವರ್ಕ್‌ಶಾಪಿಗೆ ಹೋದರು. ತಲುಪುವಾಗ ಒಂಬತ್ತೂವರೆ.

ಹಸನಬ್ಬ ಎಂದರೆ ಕೆಲಸದಲ್ಲಿ ಚಿನ್ನದಂಥ ಮನುಷ್ಯ, ಅವಸರ ಎಂಬುದು ಮಾತ್ರ ಅವನ ಪಂಚಾಂಗದಲ್ಲಿ ಇರಲಿಲ್ಲ. ಅಂಗಾತ ಮಲಗಿ ಜೀಪಿನಡಿಗೆ ಜಾರಿದ. ಹತ್ತು ನಿಮಿಷ ಅವನ ಕಾಲು ಮಾತ್ರ ಕಾಣುತ್ತಿತ್ತು.

“ಪೈಪು ಉರುಟಾ ಚೌಕವಾ?” ಅಡಿಯಿಂದ ಪ್ರಶ್ನೆ ಬಂತು.

ಶೀನಪ್ಪನಿಗೆ ಉರುಟಾದರೇನು ಚೌಕವಾದರೇನು. ಆದರೆ ವರ್ಕ್‌ಶಾಪಿನಲ್ಲಿ ಪೇಪರ್ ಓದುತ್ತಿದ್ದವರು, ಎದುರಿನ ಸೈಕಲ್ ಅಂಗಡಿಯವನು, ಬಸ್ಸಿಗೆ ಕಾಯುತ್ತಿದ್ದ ಇಬ್ಬರು, ಎಲ್ಲರೂ ಸುತ್ತ ಸೇರಿದರು. ಚೌಕವಾದರೆ ಕಲ್ಲಿನ ಮೂಲೆಗೆ ಸಿಕ್ಕಿಕೊಳ್ಳುತ್ತದೆ ಎಂದ ಒಬ್ಬ. ಉರುಟಾದರೆ ಬೇಗ ಬಗ್ಗುತ್ತದೆ ಎಂದ ಇನ್ನೊಬ್ಬ. ಪಂಪಿನ ನೀರಿನ ಪೈಪು ಸಾಕು ಎಂದವನಿಗೆ ಹಿಶಾಮ್, “ಅದು ಜೀಪಿಗಲ್ಲ, ತೋಟಕ್ಕೆ,” ಎಂದು ಅರ್ಧ ಗಂಟೆ ಪಾಠ ಮಾಡಿದ. ಬೆಕ್ಕಿಗೆ ಆಟ, ಇಲಿಗೆ ಪ್ರಾಣಸಂಕಟ. ಶೀನಪ್ಪ ಎರಡು ನಿಮಿಷಕ್ಕೊಮ್ಮೆ ಗಡಿಯಾರ ನೋಡುತ್ತಿದ್ದ.

ಕೊನೆಗೆ ದಪ್ಪ ಉರುಟು ಪೈಪೆಂದು ಆಯಿತು. ಆಗ ಶೀನಪ್ಪ ಮೆಲ್ಲನೆ, “ಕಾಕ, ಬಾಡಿಗೇ ತಾಗಿಸಿ ವೆಲ್ಡ್ ಮಾಡಿಬಿಡಿ. ಬೇಗ ಆಗ್ತದಲ್ಲ,” ಎಂದ.

ಹಸನಬ್ಬ ಜೀಪಿನಡಿಯಿಂದ ಹೊರಗೆ ಬಂದು ಕೂತ.

“ಬಾಡಿ ಅಂದರೆ ತಗಡು. ಕಲ್ಲು ಬಡಿದ ದಿನ ಪೈಪಿನೊಟ್ಟಿಗೆ ತಗಡೂ ಕಿತ್ತು ಬರ್ತದೆ. ಪೈಪು ನಿಲ್ಲಬೇಕಾದ್ದು ಅಡಿಯ ಗಟ್ಟಿ ಚೌಕಟ್ಟಿನ ಮೇಲೆ, ಚಾಸಿಸ್ ಮೇಲೆ. ಚಾಸಿಸ್‌ಗೆ ತೂತು ಕೊರೆಯುವುದಿಲ್ಲ, ಬೆಂಕಿ ತಾಗಿಸುವುದಿಲ್ಲ. ಪ್ಲೇಟು ಇಟ್ಟು ಬೋಲ್ಟಿನಲ್ಲಿ ಬಿಗಿಯುವುದು. ಬಾಡಿಗೂ ಪೈಪಿಗೂ ನಡುವೆ ಎರಡು ಬೆರಳು ಜಾಗ ಬೇಕು.”

“ಎರಡು ಬೆರಳು ಜಾಗ ಬಿಟ್ಟರೆ ನೆಗ್ಗು ಕಾಣ್ತದಲ್ಲ ಕಾಕ.”

ಸುತ್ತ ನಿಂತವರೆಲ್ಲ ಬಗ್ಗಿ ನೆಗ್ಗು ನೋಡಿದರು. ಶೀನಪ್ಪನಿಗೆ ನಾಚಿಕೆಯಿಂದ ಕಿವಿ ಬಿಸಿಯಾಯಿತು. ಹಸನಬ್ಬ ಗಡ್ಡ ತುರಿಸಿಕೊಂಡ. ಪೈಪಿನ ಮೇಲೆ ಒಂದು ಚಪ್ಪಟೆ ಪಟ್ಟಿ ಕೂರಿಸಿ, ಅದರ ಅಂಚನ್ನು ಬಾಡಿಯ ಕಡೆಗೆ ಮೇಲೆ ಮಡಚಿದರೆ ನೆಗ್ಗು ಮರೆಯಾಗುತ್ತದೆ ಎಂದ. ಪಟ್ಟಿ ಒಂದು ಪಕ್ಕಕ್ಕೆ ಮಾತ್ರ ಹಾಕಿದರೆ ಸಂಶಯ ಬರುತ್ತದೆ, ಎರಡೂ ಪಕ್ಕ ಹಾಕುವ ಎಂದ ಹಿಶಾಮ್. ಪಟ್ಟಿಯ ಕೆಲಸ ಎರಡರಷ್ಟಾಯಿತು.

ಪೈಪು ಕೊಯ್ದು, ಅದನ್ನು ಚಾಸಿಸ್‌ಗೆ ಹಿಡಿಸುವ ಕಾಲುಗಳನ್ನು ಅಳತೆ ಮಾಡಿ, ಎರಡು ಬೆಸುಗೆ ಹಾಕಿದ್ದಷ್ಟೇ. ಹನ್ನೊಂದಕ್ಕೆ ಕರೆಂಟು ಹೋಯಿತು.

“ಹನ್ನೆರಡಕ್ಕೆ ಬರ್ತದೆ,” ಎಂದ ಹಸನಬ್ಬ. ದಿನಾ ಹೋಗುವ ಕರೆಂಟಾದ್ದರಿಂದ ಅವನಿಗೆ ಬೇಸರವೂ ಇರಲಿಲ್ಲ.

ಬಂದದ್ದು ಹನ್ನೆರಡೂ ಇಪ್ಪತ್ತಕ್ಕೆ. ಶೀನಪ್ಪ ಓಡಿ ಹೋಗಿ ವೆಲ್ಡಿಂಗ್ ಕನ್ನಡಕವನ್ನು ತಾನೇ ತಂದು ಕೊಟ್ಟ. ಹಸನಬ್ಬ ಅದನ್ನು ತೆಗೆದುಕೊಳ್ಳಲಿಲ್ಲ, ನಳ್ಳಿಯಲ್ಲಿ ಕೈಕಾಲು ತೊಳೆಯುತ್ತಿದ್ದ.

“ಇವತ್ತು ಶುಕ್ರವಾರ ಅಲ್ವಾ, ಜುಮಾಕ್ಕೆ ಹೋಗಿ ಬರ್ತೇನೆ. ಹಿಶಾಮ್, ನೀನೂ ಬಾ.”

ಅರ್ಧ ಕೆಲಸವಾದ ಜೀಪಿನ ಹತ್ತಿರ ಶೀನಪ್ಪ ಒಬ್ಬನೇ ಉಳಿದ. ವಿಮಾನ ಈಗ ಸಮುದ್ರದ ಮೇಲೆ ಇರಬಹುದು ಎಂದು ಲೆಕ್ಕ ಹಾಕಿದ. ಕೋಣೆಯ ಬೆಂಚುಗಳು, ಗಾಜಿನ ಕಪಾಟು, ಹೊಗೆ ಹಿಡಿದು ಕಪ್ಪಾದ ಗೋಡೆ ಕಣ್ಣ ಮುಂದೆ ಬಂದವು. ಕೋಣೆ ಬಿಟ್ಟು ಬೇರೆ ಯಾವ ಜಾಗದಲ್ಲೂ ತನಗೆ ಬಜೆ ಉಬ್ಬಿಬರುವುದಿಲ್ಲ ಎಂದು ಅವನಿಗೆ ಗಟ್ಟಿಯಾಗಿ ಅನಿಸಿತು. ಊಟವೂ ಸೇರಲಿಲ್ಲ.

ಒಂದೂವರೆಗೆ ಇಬ್ಬರೂ ಬಂದರು. ಆಮೇಲೆ ಹಸನಬ್ಬನ ಕೈ ಓಡಿದ್ದನ್ನು ನೋಡಬೇಕಿತ್ತು. ಕಾಲುಗಳು ಕೂತವು, ಪಟ್ಟಿ ಕೂತಿತು, ಬೋಲ್ಟು ಬಿಗಿಯಾಯಿತು. ಎರಡೂ ಮುಕ್ಕಾಲಿಗೆ ಕಪ್ಪು ಬಣ್ಣ ಬಳಿದು ಬ್ರಷ್ಷು ಒರೆಸಿದ. ಶೀನಪ್ಪ ಎಡಗಡೆಯಿಂದ, ಬಲಗಡೆಯಿಂದ, ಕೂತು, ನಿಂತು ನೋಡಿದ. ನೆಗ್ಗು ಮಾಯ.

“ಬಣ್ಣ ಒಣಗಲಿಕ್ಕೆ ಸಂಜೆಯವರೆಗೆ ಬೇಕು. ಯಾರೂ ಕಾಲಿಡಬಾರದು,” ಎಂದ ಹಸನಬ್ಬ.

ಕಾಲಿಡುವವರು ಯಾರು? ಶೀನಪ್ಪ ಹಾರಿ ಒಳಗೆ ಕೂತ, ಹಿಶಾಮ್ ಹಿಂದೆ ಹತ್ತಿದ, ಗಾಡಿ ಬಜಪೆಗೆ ಹೊರಟಿತು.

ಮದುವೆಯ ಸೀಸನ್ನು. ಅರ್ಧ ಬಸ್ಸುಗಳು ದಿಬ್ಬಣಕ್ಕೆ ಹೋಗಿದ್ದವು. ಎಡಪದವಿನ ಹತ್ತಿರ ರೋಡಿನ ಹಂಪ್ ಕಂಡು ಶೀನಪ್ಪ ಬ್ರೇಕು ಒತ್ತಿದ್ದೇ ತಡ, ಸ್ಟಾಪಿನಲ್ಲಿ ಒಂದು ಗಂಟೆಯಿಂದ ಕಾದಿದ್ದವರೆಲ್ಲ ಜೀಪಿಗೆ ಮುತ್ತಿದರು. ನಮ್ಮ ಕಡೆ ಜೀಪು ಎಂದರೆ ಜನ ಸಾಗಿಸುವ ಸರ್ವಿಸ್ ಜೀಪು, ಒಳಗೆ ಹನ್ನೆರಡು, ಹೊರಗೆ ನೇತಾಡಿಕೊಂಡು ಎಂಟು. ಅದರಲ್ಲೂ ಈ ಜೀಪಿಗೆ ಉದ್ದಕ್ಕೆ ಹೊಸ ಮೆಟ್ಟಿಲು ಬೇರೆ. ಒಳಗೆ ತುಂಬಿತು, ಹೊರಗೆ ಎಡಕ್ಕೆ ಐದು ಜನ, ಬಲಕ್ಕೆ ನಾಲ್ಕು ಜನ ನಿಂತಾಯಿತು.

“ಇದು ಸರ್ವಿಸ್ ಅಲ್ಲ, ಇಳಿಯಿರಿ, ದಮ್ಮಯ್ಯ,” ಎಂದು ಶೀನಪ್ಪ ಕೈಮುಗಿದ.

ಬಾಳೆಗೊನೆ ಹಿಡಿದುಕೊಂಡಿದ್ದ ನೀಲಾವತಿ ಎಂಬ ಅಜ್ಜಿ ಒಂದು ಕಾಲು ಪಟ್ಟಿಯ ಮೇಲಿಟ್ಟವಳು ಇನ್ನೊಂದನ್ನೂ ಇಟ್ಟಳು.

“ಸರ್ವಿಸ್ ಅಲ್ಲದಿದ್ದರೆ ಮೆಟ್ಟಿಲು ಯಾಕೆ ಹಾಕಿಸಿದ್ದು?”

“ಅದು ಮೆಟ್ಟಿಲಲ್ಲ ಅಜ್ಜಿ, ಕಲ್ಲಿಗೆ.”

“ಕಲ್ಲಿಗೆ ಮೆಟ್ಟಿಲಾ? ಮನುಷ್ಯರಿಗೆ ಇಲ್ವಾ? ಕೈಕಂಬದಲ್ಲಿ ಇಳಿತೇನೆ, ಬಿಡಿ ಗಾಡಿ.”

ವಾದ ಮಾಡುತ್ತ ನಿಂತರೆ ವಿಮಾನ ಇಳಿಯುತ್ತದೆ. ಶೀನಪ್ಪ ಹಲ್ಲು ಕಚ್ಚಿಕೊಂಡು ಗಾಡಿ ಬಿಟ್ಟ. ತಿರುವಿನಲ್ಲಿ ಜೀಪು ವಾಲಿದಾಗಲೆಲ್ಲ ಅವನ ಜೀವ ಬಾಯಿಗೆ ಬರುತ್ತಿತ್ತು. ಹಿಶಾಮ್ ಮಾತ್ರ ಹಿಂದಿನಿಂದ ಬಗ್ಗಿ ನೋಡುತ್ತ, “ಒಂಬತ್ತು ಜನ ನಿಂತರೂ ಪೈಪು ಒಂದು ನೂಲು ಜಗ್ಗಲಿಲ್ಲ ಶೀನಪ್ಪಣ್ಣ,” ಎಂದು ಖುಷಿಪಡುತ್ತಿದ್ದ.

ಕೈಕಂಬದಲ್ಲಿ ಜನ ಇಳಿದರು. ಚಪ್ಪಲಿಗೆ ಬಣ್ಣ ಹಿಡಿಯಿತೆಂದು ಇಬ್ಬರು ಬೈದರು. ಶೀನಪ್ಪ ಇಳಿದು ನೋಡಿದರೆ ಪಟ್ಟಿಯ ತುಂಬ ಚಪ್ಪಲಿಯ ಗೆರೆಗಳು, ಬೆರಳಿನ ಗುರುತುಗಳು, ಮಧ್ಯೆ ನೀಲಾವತಿ ಅಜ್ಜಿಯ ಎರಡು ಬರಿಗಾಲು ಸ್ಪಷ್ಟವಾಗಿ ಮೂಡಿದ್ದವು. ಒರೆಸಲು ಹೋದರೆ ಇನ್ನೂ ಕೆಡುತ್ತಿತ್ತು. ಅಳು ಬಂತು. ಗಂಟೆ ಮೂರೂ ಐವತ್ತು.

ವಿಮಾನ ಹೊತ್ತಿಗೆ ಮೊದಲೇ ಇಳಿದು, ಬಜಪೆಯಲ್ಲಿ ಸುಬ್ಬಯ್ಯ ಹೊರಗೆ ಬಂದು ನಿಂತೇ ಆಗಿತ್ತು. ಕಪ್ಪು ಕನ್ನಡಕ, ಸೆಂಟಿನ ಪರಿಮಳ, ಹಗ್ಗ ಕಟ್ಟಿದ ಐದು ಪೆಟ್ಟಿಗೆಗಳು. ಕ್ಷೇಮ ಸಮಾಚಾರ ಕೇಳಲಿಲ್ಲ. ಪ್ರೇಮಾವತಿ ಹೇಳಿದ ಹಾಗೆಯೇ ಕಣ್ಣು ನೇರ ಜೀಪಿಗೆ ಹೋಯಿತು.

“ಇದೆಂತದು ಶೀನಪ್ಪ?”

“ರಾಕ್ ಸ್ಲೈಡರ್, ಭಾವ. ನಿಮ್ಮ ಜೀಪಿಗೆ ಕಲ್ಲು ತಾಗಬಾರದು ಅಂತ, ಈ ಹಿಶಾಮ್ ಹೇಳಿ ಮಾಡಿಸಿದ್ದು.”

ಸುಬ್ಬಯ್ಯ ಕನ್ನಡಕ ತೆಗೆದು ಬಗ್ಗಿದ. ಪೈಪಿಗೆ ಗೆಣ್ಣಿನಿಂದ ಕುಟ್ಟಿದ. ಒಂದು ಕಾಲಿಟ್ಟು ಒತ್ತಿದ, ಎರಡೂ ಕಾಲಿಟ್ಟು ಕುಣಿದ. ಮತ್ತೆ ಇಳಿದು ಎಡಗಡೆ, ನೆಗ್ಗಿನ ಎದುರಿಗೇ ಕುಕ್ಕರುಗಾಲಿನಲ್ಲಿ ಕೂತ. ಶೀನಪ್ಪ ಮೆಲ್ಲನೆ ಒಂದು ಪೆಟ್ಟಿಗೆಯ ಹಿಂದೆ ಸರಿದ.

“ಈ ಹೆಜ್ಜೆ ಗುರುತು?”

ಹಿಶಾಮ್ ಮುಂದೆ ಬಂದ.

“ಅದು ಗ್ರಿಪ್ಪಿಗೆ ಸರ್. ಮಳೆಗಾಲದಲ್ಲಿ ಕಾಲು ಜಾರದ ಹಾಗೆ ಡಿಸೈನು. ಈಗಷ್ಟೇ ಒಂಬತ್ತು ಜನರನ್ನು ನಿಲ್ಲಿಸಿ ಟೆಸ್ಟ್ ಮಾಡಿ ತಂದದ್ದು.”

ಸುಬ್ಬಯ್ಯ ಎದ್ದು ನಿಂತ. ಹದಿನಾಲ್ಕು ವರ್ಷದಲ್ಲಿ ಮೊದಲ ಸಲ ಶೀನಪ್ಪನ ಹೆಗಲಿಗೆ ಕೈ ಹಾಕಿದ.

“ಫಸ್ಟ್ ಕ್ಲಾಸ್. ಅಲ್ಲಿ ಅರಬಿಗಳ ಗಾಡಿಗೆ ನೋಡಿದ್ದೆ, ನಮ್ಮೂರಲ್ಲಿ ಇಷ್ಟು ಚಂದ ಮಾಡುವವರು ಇದ್ದಾರೆ ಅಂತ ಗೊತ್ತಿರಲಿಲ್ಲ.”

ಕೋಣೆ ಉಳಿಯಿತು, ಒಲೆ ಉಳಿಯಿತು. ಶೀನಪ್ಪ ಖುಷಿಯಲ್ಲಿ ಎರಡೆರಡು ಪೆಟ್ಟಿಗೆ ಒಟ್ಟಿಗೆ ಎತ್ತಿ ಜೀಪಿಗೆ ಹಾಕಿದ.

“ಈ ಸಲ ಸಾಮಾನು ಜಾಸ್ತಿ ಉಂಟಲ್ಲ ಭಾವ?”

“ಕೆಲಸ ಬಿಟ್ಟು ಬಂದೆ ಮಾರಾಯ. ಇನ್ನು ಊರಲ್ಲೇ. ಏನು ಬಿಸಿನೆಸ್ ಮಾಡುವುದು ಅಂತ ವಿಮಾನದಲ್ಲಿ ಇಡೀ ಅದೇ ಯೋಚನೆ. ಈಗ ನೋಡು, ನೀನೇ ದಾರಿ ತೋರಿಸಿದೆ.” ಸುಬ್ಬಯ್ಯ ಪೈಪನ್ನು ಕರುವಿನ ಬೆನ್ನು ಸವರುವ ಹಾಗೆ ಸವರಿದ. “ಇದನ್ನೇ ಮಾಡುವ. ನಮ್ಮ ಹೋಟೆಲಿನ ಕೋಣೆ ರೋಡಿನ ಬದಿಯಲ್ಲೇ ಉಂಟು, ಎದುರು ನಾಲ್ಕು ಜೀಪು ನಿಲ್ಲುವಷ್ಟು ಜಾಗ ಉಂಟು. ಒಂದನೇ ತಾರೀಕಿಗೆ ಖಾಲಿ ಮಾಡಿಕೊಡು.”

ಶೀನಪ್ಪನ ಕೈಯಿಂದ ಐದನೆಯ ಪೆಟ್ಟಿಗೆ ಜಾರಿ ಕಾಲಿನ ಮೇಲೆ ಬಿತ್ತು. ನೋವೂ ಗೊತ್ತಾಗಲಿಲ್ಲ. ಹೇಗಾದರೂ ಮಾಡಿ ಭಾವನ ಮನಸ್ಸು ಕೆಡಿಸಬೇಕು. ಅದಕ್ಕೆ ಅವನ ಹತ್ತಿರ ಒಂದೇ ದಾರಿ ಇತ್ತು, ನಿಜ ಹೇಳುವುದು.

“ಭಾವ, ಈ ಪೈಪಿನಿಂದ ಏನೂ ಪ್ರಯೋಜನ ಇಲ್ಲ. ನಾನು ಸೌದೆಗೆ ಹೋಗಿ ಜೀಪಿಗೆ ನೆಗ್ಗು ಮಾಡಿದೆ. ನಿಮಗೆ ಕಾಣಬಾರದು ಅಂತ ಇದನ್ನು ಹಾಕಿಸಿದ್ದು. ಬೇಕಾದರೆ ಪಟ್ಟಿಯ ಹಿಂದೆ ಕೈ ಹಾಕಿ ನೋಡಿ.”

ಸುಬ್ಬಯ್ಯನ ಮುಖ ಕಪ್ಪಾಯಿತು. ಮೆಲ್ಲನೆ ಬಗ್ಗಿ ಪಟ್ಟಿಯ ಹಿಂದೆ ಬೆರಳು ತೂರಿಸಿದ. ನೆಗ್ಗು ಬೆರಳಿಗೆ ಸಿಕ್ಕಿತು. ತಲೆ ವಾಲಿಸಿ ನೋಡಿದ, ಕಾಣಲಿಲ್ಲ. ಇನ್ನೊಂದು ಕಡೆಯಿಂದ ನೋಡಿದ, ಆಗಲೂ ಕಾಣಲಿಲ್ಲ.

“ಶೀನಪ್ಪ,” ಎಂದ ಸುಬ್ಬಯ್ಯ ಕೊನೆಗೆ, “ಬೆಳ್ತಂಗಡಿ, ಬಂಟ್ವಾಳ, ಮೂಡಬಿದಿರೆ, ಮೂರೂ ಕಡೆ ಸೇರಿ ಕಲ್ಲಿನ ಮೇಲೆ ಜೀಪು ಹತ್ತಿಸುವವರು ಎಷ್ಟು ಮಂದಿ ಇದ್ದಾರೆ?”

“ಹತ್ತು ಜನ ಇಲ್ಲ ಭಾವ. ಅದನ್ನೇ ನಾನು ಹೇಳುವುದು.”

“ಗಲ್ಫಿನಲ್ಲಿರುವವರ ಗಾಡಿಯನ್ನು ಊರಲ್ಲಿ ಇಟ್ಟುಕೊಂಡ ಭಾವಂದಿರು?”

ಶೀನಪ್ಪ ಬೆರಳು ಮಡಚಿ ಎಣಿಸಲು ಹೋಗಿ ಕೈಬಿಟ್ಟ. ಮನೆಗೊಬ್ಬರಿದ್ದರು.

“ಅವರೆಲ್ಲ ನಮ್ಮ ಗಿರಾಕಿಗಳು,” ಎಂದು ಸುಬ್ಬಯ್ಯ ಮುಂದಿನ ಸೀಟು ಹತ್ತಿದ. “ಹಿಶಾಮ್, ನೀನು ನನಗೆ ಪಾರ್ಟ್‌ನರ್ ಆಗು. ಶೀನಪ್ಪ, ಬೆಂಚು, ಒಲೆ ಮಾತ್ರ ಅಲ್ಲೇ ಇರಲಿ. ಕಾಯುವ ಗಿರಾಕಿಗಳಿಗೆ ಚಾ ಬೇಕಾಗ್ತದೆ, ಮಾಡಲಿಕ್ಕೆ ನೀನಿದ್ದೀಯಲ್ಲ.”

ಶೀನಪ್ಪ ಜೀಪು ಸ್ಟಾರ್ಟ್ ಮಾಡಿದ. ಹಿಂದೆ ಪೆಟ್ಟಿಗೆಗಳ ನಡುವೆ ಜಾಗ ಮಾಡಿಕೊಂಡು ಕೂತ ಹಿಶಾಮ್ ಅವನ ಭುಜ ತಟ್ಟಿದ.

“ಶೀನಪ್ಪಣ್ಣ, ನನ್ನ ಚಾಕ್ಕೆ ಸಕ್ಕರೆ ಸ್ವಲ್ಪ ಕಮ್ಮಿ.”